ಸುತ್ತಿಗೆ ಹೊರಗಿರಲಿ

ಪ್ರೀತಿಯ ಪುಟ್ಟಿಗೆ,

ಷೋರೂಮಿನವರು ಕೊಟ್ಟ ಎಸ್ಟಿಮೇಟನ್ನು ವಾಟ್ಸಾಪಿನಲ್ಲಿ ಕಳಿಸಿ ‘ಏನ್ಮಾಡ್ಲಿ ದೊಡ್ಡಮ್ಮ?’ ಎಂದು ಕೇಳಿದ್ದೀಯಲ್ಲ, ಕೂತು ಸಾಲುಸಾಲಾಗಿ ಓದಿದೆ. ಎಂಟಡಿ ಉದ್ದ, ಏಳಡಿ ಅಗಲದ ಅಡುಗೆಮನೆಗೆ ನಾಲ್ಕೂವರೆ ಲಕ್ಷ! ಇರುವುದನ್ನೆಲ್ಲ ಕಿತ್ತು ಕಸ ಸಾಗಿಸುವುದಕ್ಕೇ ಅದರಲ್ಲೊಂದು ಬಾಬತ್ತು. ನಿನ್ನ ಕೈಯಲ್ಲಿರುವುದು ಎರಡು ಲಕ್ಷ, ಅದೂ ಫ್ಲ್ಯಾಟಿನ ಸಾಲದ ಕಂತು ಕಟ್ಟಿಕೊಂಡು ಕೂಡಿಟ್ಟದ್ದು. ಅಷ್ಟರಲ್ಲೇ ಆಗುತ್ತದೆ, ಚೆಂದವಾಗಿಯೇ ಆಗುತ್ತದೆ. ಸುತ್ತಿಗೆ ಮಾತ್ರ ಹೊರಗಿರಲಿ.

ಇದನ್ನು ನಿನಗೊಬ್ಬಳಿಗೇ ಬರೆಯಬಹುದಿತ್ತು. ಆದರೆ ಇಪ್ಪತ್ತು ವರ್ಷದ ಹಳೆಯ ಫ್ಲ್ಯಾಟ್ ಕೊಂಡು, ಅಡುಗೆಮನೆ ನೋಡಿ ಮುಖ ಸಿಂಡರಿಸುವವರು ಬೆಂಗಳೂರಿನಲ್ಲಿ ನೀನೊಬ್ಬಳೇ ಅಲ್ಲ. ಅವರೂ ಓದಲಿ ಎಂದು ಪತ್ರಿಕೆಗೇ ಕಳಿಸುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಗಾಬರಿಯಾಗಬೇಡ.

ನಿನ್ನ ಅಡುಗೆಮನೆಯಲ್ಲಿ ಕೆಟ್ಟಿರುವುದು ಯಾವುದು, ಬರೀ ಹಳೆಯದಾಗಿರುವುದು ಯಾವುದು ಎಂದು ಮೊದಲು ಬೇರೆ ಮಾಡು. ಸಿಂಕಿನ ಕೆಳಗಿನ ಬಾಗಿಲ ತುದಿ ನೀರು ಕುಡಿದು ರೊಟ್ಟಿಯ ಹಾಗೆ ಉಬ್ಬಿದೆ, ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತದೆ. ಅದು ಕೆಟ್ಟದ್ದು. ಕಟ್ಟೆಯ ಕರಿ ಗ್ರಾನೈಟ್ ಕೆಟ್ಟಿಲ್ಲ, ಸೋಪು ಜಿಡ್ಡುಗಳ ಪೊರೆ ಕಟ್ಟಿ ಮಂಕಾಗಿದೆ ಅಷ್ಟೆ. ಮೆಷಿನ್ ತಂದು ಕೂತಲ್ಲೇ ಪಾಲಿಷ್ ಹೊಡೆದುಕೊಡುವವರಿದ್ದಾರೆ. ಷೋರೂಮಿನವರು ಅದನ್ನು ಕಿತ್ತುಹಾಕಿ ಬಿಳೀ ಕಲ್ಲು ಹಾಕೋಣ ಅಂದರಂತೆ. ನಮ್ಮ ಚಾಮರಾಜನಗರದ ಕಪ್ಪು ಕಲ್ಲು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತದೆ, ನಾವು ನಮ್ಮ ಕಟ್ಟೆಯದನ್ನು ಒಡೆದು ಕಸಕ್ಕೆ ಹಾಕಬೇಕೆ? ಅಮೃತಶಿಲೆಯ ಮೇಲೆ ನಿಂಬೆಹಣ್ಣಿನ ಹೋಳೊಂದು ರಾತ್ರಿಯೆಲ್ಲ ಉಳಿದರೆ ಬೆಳಗ್ಗೆ ಅಲ್ಲೊಂದು ಹೊಳಪಿಲ್ಲದ ಗುರುತು. ಅದು ಸುಣ್ಣದ ಅಂಶದ ಕಲ್ಲು, ಹುಳಿ ತಿನ್ನುತ್ತದೆ. ಕಡಪ, ಶಹಾಬಾದ್ ಕಲ್ಲುಗಳೂ ಸುಣ್ಣಕಲ್ಲುಗಳೇ, ಹುಣಸೆರಸ ಬಿದ್ದಲ್ಲಿ ಬೆಳ್ಳಗಾಗುತ್ತವೆ. ದಿನಾ ಹುಣಸೆಹಣ್ಣು ಕಿವುಚುವ, ಅರಿಶಿನದ ಕೈ ಒರೆಸುವ ಮನೆಗೆ ಗ್ರಾನೈಟಿನಷ್ಟು ಹೊಂದುವುದು ಇನ್ನೊಂದಿಲ್ಲ. ಇಟ್ಟುಕೋ.

ಕಟ್ಟೆಯ ಎತ್ತರ ನಿನಗೆ ಸಾಲದು ಎಂಬ ತಕರಾರು ನಿಜ. ನೀನು ನಿಮ್ಮಮ್ಮನಿಗಿಂತ ಎತ್ತರ. ಬಿಲ್ಡರ್‌ಗಳು ಸಾಮಾನ್ಯವಾಗಿ 32ರಿಂದ 34 ಇಂಚಿಗೆ ಕಟ್ಟಿಬಿಡುತ್ತಾರೆ. ಮೊಳಕೈ ಮಡಚಿ ನಿಂತಾಗ ಕಟ್ಟೆ ಅದಕ್ಕಿಂತ ನಾಲ್ಕೈದು ಇಂಚು ಕೆಳಗಿದ್ದರೆ ಸೊಂಟ ಹಿಡಿಯುವುದಿಲ್ಲ. ಅದಕ್ಕಾಗಿ ಇಡೀ ಕಟ್ಟೆ ಕೆಡವುವ ಅಗತ್ಯವಿಲ್ಲ. ತರಕಾರಿ ಹೆಚ್ಚುವ ಜಾಗದಲ್ಲಿ ಎರಡಿಂಚು ದಪ್ಪದ ಮರದ ಮಣೆ ಇಡಿಸು. ಒಲೆಯ ಕಡೆ ಈಗಿನ ಎತ್ತರವೇ ಸರಿ, ಸ್ಟೌವಿನ ಮೇಲೆ ಕುಕ್ಕರ್ ಕೂತರೆ ಅದರ ಬಾಯಿ ಆಗಲೇ ಎದೆಮಟ್ಟಕ್ಕೆ ಬರುತ್ತದೆ.

‘ಇಷ್ಟು ಚಿಕ್ಕದು ದೊಡ್ಡಮ್ಮ’ ಎಂದೂ ಗೊಣಗಿದೆ. ಈಗ ನಾವು ಮಾಡ್ಯುಲರ್ ಕಿಚನ್ ಎನ್ನುತ್ತೇವಲ್ಲ, ಅದರ ಮೂಲ ಸಿರಿವಂತರ ಬಂಗಲೆಯಲ್ಲಿಲ್ಲ. 1926ರಲ್ಲಿ ಮಾರ್ಗರೆಟೆ ಶ್ಯುಟ್ಟೆ-ಲಿಹೋಟ್ಸ್ಕಿ ಎಂಬ ವಿಯೆನ್ನಾದ ವಾಸ್ತುಶಿಲ್ಪಿ, ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಸಾಧಾರಣ ಆದಾಯದವರಿಗೆಂದು ನಗರಸಭೆ ಕಟ್ಟಿಸುತ್ತಿದ್ದ ಮನೆಗಳಿಗಾಗಿ ಅದನ್ನು ರೂಪಿಸಿದರು. ಅಗಲ ಎರಡು ಮೀಟರಿಗಿಂತ ಕಮ್ಮಿ, ಉದ್ದ ಮೂರೂವರೆ ಮೀಟರಿನೊಳಗೆ. ನಿನ್ನದಕ್ಕಿಂತ ಒಂದಿಷ್ಟು ಹೆಚ್ಚು, ಅಷ್ಟೆ. ರೈಲಿನ ಊಟದ ಬೋಗಿಯಲ್ಲಿ ಅಡುಗೆಯವರು ಅಷ್ಟು ಇಕ್ಕಟ್ಟಿನಲ್ಲಿ ಅಷ್ಟು ಜನಕ್ಕೆ ಬೇಯಿಸುವುದು ಈ ವಾಸ್ತುಶಿಲ್ಪಿಗೆ ಮಾದರಿಯಾಗಿತ್ತು. ಯಾವ ಕೆಲಸಕ್ಕೆ ಎಷ್ಟು ಹೆಜ್ಜೆ, ಎಷ್ಟು ಹೊತ್ತು ಎಂದು ಲೆಕ್ಕ ಹಾಕಿದರು. ಹಿಟ್ಟು, ಸಕ್ಕರೆ, ಅಕ್ಕಿಗೆ ಕೈಹಿಡಿ ಇರುವ ಅಲ್ಯುಮಿನಿಯಂ ಡ್ರಾಯರುಗಳು: ಎಳೆದು ತೆಗೆದರೆ ಅದರ ಮೂತಿಯಿಂದಲೇ ಪಾತ್ರೆಗೆ ಸುರಿಯಬಹುದು. ಅಂಥ ಅಡುಗೆಮನೆಗಳು ಸುಮಾರು 10,000 ಮನೆಗಳಿಗೆ ಹೋದವು. ಅದನ್ನು ರೂಪಿಸುವ ಹೊತ್ತಿಗೆ ತಾನು ಅಡುಗೆ ಮಾಡಿದವಳೇ ಅಲ್ಲ ಎಂದು ಆಕೆ ಮುಂದೆ ಹೇಳಿಕೊಂಡಿದ್ದಾರೆ, ಅದೊಂದು ತಮಾಷೆ. ಕಡಿಮೆ ಜಾಗ, ಕಡಿಮೆ ದುಡ್ಡು ಎಂಬ ಒತ್ತಡದಲ್ಲೇ ಹುಟ್ಟಿದ ಚೆಲುವನ್ನು ಇಂದು ಷೋರೂಮುಗಳು ಗಾಜಿನ ಹಿಂದೆ ನಿಲ್ಲಿಸಿ ನಮಗೇ ದುಬಾರಿಗೆ ಮಾರುತ್ತಿವೆ.

ಈಗ ದುಡ್ಡಿನ ಮಾತು. ಮೊದಲ ಖರ್ಚು ಕಣ್ಣಿಗೆ ಕಾಣದ ಕಡೆ ಹೋಗಬೇಕು, ನಿನಗೆ ಬೇಜಾರಾಗುತ್ತದೆಂದು ಗೊತ್ತು. ಸುತ್ತಿಗೆ ಒಳಗೆ ಬರುವುದಾದರೆ ಪೈಪಿಗೆ ಮತ್ತು ವೈರಿಗೆ ಮಾತ್ರ. ಗೋಡೆಯೊಳಗೆ ಹಳೆಯ ಜಿಐ ಪೈಪ್ ಇದ್ದರೆ ಒಳಗೆ ತುಕ್ಕು ಹಿಡಿದು ಕಿರಿದಾಗಿರುತ್ತದೆ, ನಲ್ಲಿಯಲ್ಲಿ ಮೊದಲು ಕಂದು ನೀರು ಬರುವುದು ಅದಕ್ಕೇ. ಸಿಪಿವಿಸಿಗೆ ಬದಲಾಯಿಸು, ಬಿಸಿನೀರಿಗೂ ಆಗುತ್ತದೆ. ಆಮೇಲೆ ಆ ಎಕ್ಸ್‌ಟೆನ್ಷನ್ ಬಾಕ್ಸ್. ಓವನ್ನು, ಗ್ರೈಂಡರು, ಕೆಟಲ್ಲು ಮೂರನ್ನೂ ಅದಕ್ಕೇ ನೇತುಹಾಕಿದ್ದೀಯ! ಓವನ್ನಿಗೆ ಬೇರೆಯದೇ 16 ಆಂಪಿಯರ್ ಪಾಯಿಂಟು, ಅದಕ್ಕೆ 4 ಚದರ ಮಿಲಿಮೀಟರಿನ ತಾಮ್ರದ ವೈರು ಎಳೆಸು. ನೀರಿನ ಕೈಯಲ್ಲೇ ಸ್ವಿಚ್ ಮುಟ್ಟುವ ಜಾಗವಾದ್ದರಿಂದ ಕರೆಂಟ್ ಸೋರಿದೊಡನೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೋ ಇಲ್ಲವೋ ನೋಡಿಸು. ಸಿಂಕಿನ ಜಾಗ ಬದಲಿಸುವ ಯೋಚನೆ ಬಿಟ್ಟುಬಿಡು. ಅದನ್ನು ಸರಿಸಿದರೆ ನೆಲ ಅಗೆಯಬೇಕು, ನೆಲ ಅಗೆದರೆ ಕೆಳಗಿನ ಮನೆಯವರ ಸೂರಿನಲ್ಲಿ ತೇವ, ಆಮೇಲೆ ಅಸೋಸಿಯೇಷನ್ ಮೀಟಿಂಗು.

ಉಳಿತಾಯದ ಗಣಿ ಇರುವುದು ಕಟ್ಟೆಯ ಕೆಳಗೆ. ನಿನ್ನ ಕಟ್ಟೆ ನಿಂತಿರುವುದು ನಿಲ್ಲಿಸಿದ ಕಡಪ ಕಲ್ಲುಗಳ ಮೇಲೆ. ಅಂದರೆ ಪೆಟ್ಟಿಗೆಗಳು ಆಗಲೇ ಇವೆ, ಗೆದ್ದಲು ಹಿಡಿಯದ, ನೀರಿಗೆ ಉಬ್ಬದ ಪೆಟ್ಟಿಗೆಗಳು. ಷೋರೂಮಿನವರು ಅದರೊಳಗೆ ಮರದ ಪೆಟ್ಟಿಗೆ ಕೂರಿಸಿ, ಅದಕ್ಕೆ ಬಾಗಿಲು ಹಾಕಿ, ಪೆಟ್ಟಿಗೆಗೂ ಬಾಗಿಲಿಗೂ ದುಡ್ಡು ಹಾಕಿದ್ದಾರೆ. ಕಲ್ಲಿನ ಮುಖಕ್ಕೆ ತೆಳ್ಳನೆ ಚೌಕಟ್ಟು ಕೂರಿಸಿ ಬಾಗಿಲು ಮಾತ್ರ ಮಾಡಿಸು. ಲೆಕ್ಕ ನೋಡು: ನಿನ್ನ ಎಲ್ ಆಕಾರದ ಕಟ್ಟೆ ಹದಿನಾಲ್ಕಡಿ, ಬಾಗಿಲಿನ ಎತ್ತರ ಎರಡೂಕಾಲು ಅಡಿ, ಒಟ್ಟು 31.5 ಚದರಡಿ. 8×4ರ ಒಂದು ಪ್ಲೈವುಡ್ ಹಲಗೆಯೇ 32 ಚದರಡಿ. ಕತ್ತರಿಸಿ ವ್ಯರ್ಥವಾಗುವುದನ್ನು, ಎರಡು ಮೂರು ಡ್ರಾಯರುಗಳ ಮುಖವನ್ನು ಸೇರಿಸಿದರೂ ಎರಡು ಹಲಗೆ ಸಾಕು. ಎರಡೇ ಹಲಗೆ ಅಂದಮೇಲೆ ಅಗ್ಗದ್ದು ತರಬೇಡ. ಮೇಲೆ ಐಎಸ್ 710 ಎಂಬ ಮುದ್ರೆ ಇರುವ, ಕುದಿವ ನೀರಿಗೂ ಬಿಟ್ಟುಕೊಳ್ಳದ ಪ್ಲೈವುಡ್ ತಗೋ. ಅಂಗಡಿಯವರು ‘ವಾಟರ್‌ಪ್ರೂಫೇ ಮೇಡಂ’ ಎನ್ನುತ್ತಾರೆ, ಬಾಯಿಮಾತು ಬೇಡ, ಮುದ್ರೆ ತೋರಿಸಲಿ. ಒಂದು ತುಂಡು ಮನೆಗೆ ತಂದು ಪಾತ್ರೆಯಲ್ಲಿ ಕುದಿಸಿದರೂ ಪದರ ಬಿಡುತ್ತದೋ ಇಲ್ಲವೋ ತಿಳಿದುಹೋಗುತ್ತದೆ. ಸಿಂಕಿನ ಕೆಳಗೆ ಮರವೇ ಬೇಡ, ನೀರಿಗೆ ಉಬ್ಬದ ಡಬ್ಲ್ಯುಪಿಸಿ ಹಲಗೆಯ ಬಾಗಿಲು ಹಾಕಿಸಿ ಅದರ ಮೇಲೂ ಅದೇ ಸನ್ಮೈಕಾ ಅಂಟಿಸಿದರೆ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ.

ಸಿಲಿಂಡರ್ ಇಡುವ ಖಾನೆಗೆ ಬಾಗಿಲು ಹಾಕಿಸುವಾಗ ಒಂದು ಎಚ್ಚರ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಕೂರುತ್ತದೆ. ಬಾಗಿಲಿನ ಕೆಳತುದಿಯಲ್ಲಿ ತೂತು ಅಥವಾ ಜಾಲರಿ ಇರಲೇಬೇಕು. ಚೆಂದ ಕೆಡುತ್ತದೆ ಎಂದು ಬಡಗಿ ಹೇಳಿದರೆ ಕೇಳಬೇಡ.

ಇನ್ನು ಅಂದ. ನಿನ್ನ ಫೋನಿನಲ್ಲಿರುವ ಆ ಫೋಟೋಗಳನ್ನು ನೋಡಿದೆ. ಆ ಅಡುಗೆಮನೆಗಳಲ್ಲಿ ಯಾರೂ ಸಾಸಿವೆ ಸಿಡಿಸಿದ ಹಾಗಿಲ್ಲ. ಒಲೆಯ ಮೇಲೆ ತೆರೆದ ಷೆಲ್ಫು, ಅದರ ಮೇಲೆ ಸಾಲಾಗಿ ಪಿಂಗಾಣಿ. ನಮ್ಮಲ್ಲಾದರೆ ವಾರದೊಳಗೆ ಒಗ್ಗರಣೆಯ ಜಿಡ್ಡು, ಅದಕ್ಕೆ ಧೂಳು. ತೆರೆದ ಷೆಲ್ಫಿನ ಆಸೆ ಇದ್ದರೆ ಕಿಟಕಿಯ ಪಕ್ಕದ ಗೋಡೆಗೆ ಒಂದೇ ಒಂದು ಹಾಕಿಸು, ಒಲೆಯಿಂದ ದೂರ. ಅದಕ್ಕೂ ಹೊಸ ಕಲ್ಲು ಬೇಡ, ಜಿಗಣಿಯ ಗ್ರಾನೈಟ್ ಯಾರ್ಡುಗಳಲ್ಲಿ ಉಳಿದ ತುಂಡುಗಳನ್ನು ಕಮ್ಮಿಗೆ ಕೊಡುತ್ತಾರೆ. ಅಜ್ಜಿಯ ಹಿತ್ತಾಳೆ ಕೊಳಗ ಅಲ್ಲಿ ಕೂರಲಿ.

ಬಣ್ಣ ಎರಡಕ್ಕೆ ನಿಲ್ಲಿಸು. ಕಟ್ಟೆ ಹೇಗೂ ಕಪ್ಪು. ಕೆಳಗಿನ ಬಾಗಿಲುಗಳಿಗೆ ಹೊಳಪಿಲ್ಲದ ಒಂದು ಬಣ್ಣ, ಎಲೆಹಸಿರೋ ಬೂದಿಯೋ ನಿನ್ನಿಷ್ಟ. ಮೇಲಿನ ಸಜ್ಜದ ಬಾಗಿಲುಗಳಿಗೆ ಗೋಡೆಯದೇ ಬಣ್ಣ. ಆಗ ಸಜ್ಜ ಗೋಡೆಯೊಳಗೆ ಕರಗಿಹೋಗಿ ಸೂರು ಎತ್ತರವಾದಂತೆ ಕಾಣುತ್ತದೆ. ಫಳಫಳ ಹೊಳೆಯುವ ಅಕ್ರಿಲಿಕ್ ಬೇಡವೇ ಬೇಡ. ಅದರ ಮೇಲೆ ಬೆರಳಚ್ಚು ಎಣಿಸುತ್ತಾ ಕೂರಬೇಕಾಗುತ್ತದೆ.

ಹಣ್ಣಿನ ಬುಟ್ಟಿ, ಟೀ ಕೆಟಲ್ ಚಿತ್ರದ ಟೈಲ್ಸ್ ನಿನ್ನ ಕಣ್ಣು ಕುಕ್ಕುತ್ತಿದೆ, ನನ್ನದೂ. ಅದನ್ನೂ ಒಡೆಸಬೇಡ. ಒಂದು ನಾಣ್ಯ ತಗೊಂಡು ಒಂದೊಂದನ್ನೂ ತಟ್ಟಿ ನೋಡು. ಟೊಳ್ಳು ಸದ್ದು ಬಂದದ್ದನ್ನು ಮಾತ್ರ ತೆಗೆಸಿ ತುಂಬಿಸಿ, ಉಳಿದವುಗಳ ಮೇಲೆಯೇ ಟೈಲ್ ಅಂಟಿನಿಂದ ಹೊಸದನ್ನು ಕೂರಿಸಬಹುದು. ಕಟ್ಟೆಯ ಹಿಂದಿನ ಪಟ್ಟಿ ಹದಿನಾಲ್ಕಡಿ ಉದ್ದ, ಎರಡಡಿ ಎತ್ತರ, ಬರೀ 28 ಚದರಡಿ. ನೀನು ಕೈಬಿಚ್ಚಿ ಖರ್ಚು ಮಾಡಬಹುದಾದ ಜಾಗ ಇದು. ಚದರಡಿಗೆ ನೂರು ರೂಪಾಯಿ ಹೆಚ್ಚಿನದು ಆರಿಸಿದರೂ ಹೊರೆ 2,800 ರೂಪಾಯಿ, ಕಣ್ಣು ಮೊದಲು ಹೋಗುವುದು ಮಾತ್ರ ಅಲ್ಲಿಗೇ. ಚೆಟ್ಟಿನಾಡಿನ ಆತ್ತಂಗುಡಿ ಟೈಲ್ಸ್ ಮೇಲೆ ನಿನಗೆ ಮೋಹವಿದೆ, ಗೊತ್ತು. ಅದು ಸಿಮೆಂಟಿನದು, ಎಣ್ಣೆ, ಅರಿಶಿನ ಹೀರುತ್ತದೆ. ಒಲೆಯ ಹಿಂದೆ ಬೇಡ, ಮುಂದೆ ಯಾವಾಗಲಾದರೂ ಬಾಲ್ಕನಿಗೆ ಹಾಕಿಸು. ಇಲ್ಲಿಗೆ ಗ್ಲೇಜ್ ಇರುವ ಚಿಕ್ಕ ಟೈಲ್ಸ್, ಸಂದಿಗೆ ಎಪಾಕ್ಸಿ ಗ್ರೌಟ್. ಸಿಮೆಂಟಿನ ಗ್ರೌಟು ವರ್ಷ ತುಂಬುವುದರೊಳಗೆ ಹಳದಿಯಾಗುತ್ತದೆ. ನೆಲದ ಮೇಲೂ ಟೈಲ್ ಮೇಲೆ ಟೈಲ್ ಹಾಕಿಸಬಹುದು, ಆದರೆ ನೆಲ ಅರ್ಧ ಇಂಚು ಏರಿ ಬಾಗಿಲಿನ ಕೆಳತುದಿ ಕೊಯ್ಯಬೇಕಾಗುತ್ತದೆ. ನಿನ್ನ ನೆಲ ಚೆನ್ನಾಗಿದೆ, ಬಿಡು.

ಬೆಳಕನ್ನು ಮರೆಯಬೇಡ. ಸೂರಿನ ನಡುವಿನ ದೀಪ ನಿನ್ನ ಬೆನ್ನ ಹಿಂದಿದೆ, ಕಟ್ಟೆಗೆ ಮುಖ ಮಾಡಿ ನಿಂತರೆ ನಿನ್ನ ನೆರಳೇ ಸೊಪ್ಪಿನ ಮೇಲೆ. ಸಜ್ಜದ ಕೆಳಗೆ, ಮುಂದಿನ ಅಂಚಿಗೆ, ಎಲ್‌ಇಡಿ ಪಟ್ಟಿ ಹಾಕಿಸು, ತೀರಾ ನೀಲಿ ಬಿಳುಪೂ ಅಲ್ಲದ, ತೀರಾ ಹಳದಿಯೂ ಅಲ್ಲದ 4000 ಕೆಲ್ವಿನ್‌ನದು. ಇಡೀ ಕೆಲಸದಲ್ಲಿ ಇಷ್ಟು ಕಮ್ಮಿ ದುಡ್ಡಿಗೆ ಇಷ್ಟು ಅಂದ ಕೊಡುವುದು ಬೇರೆ ಯಾವುದೂ ಇಲ್ಲ.

ಎಸ್ಟಿಮೇಟಿನಲ್ಲಿ ನಾನು ಕಾಟು ಹಾಕಿದ್ದು: ಮೂಲೆಯಿಂದ ತಿರುಗಿ ಬರುವ ಬುಟ್ಟಿ, ಎತ್ತರದ ಪ್ಯಾಂಟ್ರಿ, ಬ್ರೇಕ್‌ಫಾಸ್ಟ್ ಕೌಂಟರ್. ಏಳಡಿ ಅಗಲದಲ್ಲಿ ಕೂತು ತಿಂಡಿ ತಿನ್ನುವವರು ಯಾರು? ಅಳಿಯಂದಿರು ಹೇಗೂ ತಟ್ಟೆ ಹಿಡಿದು ಟಿವಿ ಮುಂದೆ ಕೂರುವವರು. ಮೂಲೆಯಲ್ಲಿ ಹಬ್ಬಕ್ಕೆ ಮಾತ್ರ ಇಳಿಸುವ ದೊಡ್ಡ ಬಾಣಲೆ, ಇಡ್ಲಿ ಪಾತ್ರೆ ಇರಲಿ. ಚಿಮಣಿಗೆ ಹೊರಗೆ ಕೊಳವೆ ಬಿಡಲು ದಾರಿ ಇದ್ದರೆ ಮಾತ್ರ ಅದನ್ನು ಕೊಳ್ಳು. ಹೊಗೆಯನ್ನು ಇದ್ದಿಲಿನಲ್ಲಿ ಸೋಸಿ ಮತ್ತೆ ಮನೆಯೊಳಗೇ ಬಿಡುವಂಥದ್ದು ವಾಸನೆಯನ್ನೇನೋ ತಗ್ಗಿಸುತ್ತದೆ, ಸೆಕೆ ಮತ್ತು ಆವಿ ಅಲ್ಲೇ ಉಳಿಯುತ್ತವೆ. ಅದರ ಬದಲು ಕಿಟಕಿಗೆ ಒಳ್ಳೆಯ ಎಕ್ಸಾಸ್ಟ್ ಫ್ಯಾನ್ ಸಾಕು. ಹೀಗೆ ಉಳಿದದ್ದರಲ್ಲಿ ಆಳವಾದ ಒಂದೇ ಬಟ್ಟಲಿನ, 304 ಗ್ರೇಡಿನ ಸ್ಟೀಲ್ ಸಿಂಕ್ ಮತ್ತು ಬಾಗಿಲುಗಳಿಗೆ ಗಟ್ಟಿ ಹಿಂಜು ತಗೋ.

ಬಡಗಿಯ ಹತ್ತಿರ ಮಾತಾಡುವಾಗ ‘ಚದರಡಿಗೆ ಎಷ್ಟು’ ಎಂದು ಕೇಳಿ ಸುಮ್ಮನಾಗಬೇಡ, ಯಾವ ಚದರಡಿ ಎಂದು ಕೇಳು. ಮುಂದಿನ ಮುಖ ಮಾತ್ರವೋ, ಒಳಗಿನ ಹಲಗೆಗಳನ್ನೂ ಅಳೆಯುತ್ತಾರೋ ಎಂಬುದರ ಮೇಲೆ ಬಿಲ್ಲು ದುಪ್ಪಟ್ಟಾಗಬಹುದು. ಪ್ಲೈವುಡ್ಡಿನ ದಪ್ಪ, ಸನ್ಮೈಕಾ ಒಂದು ಮಿಲಿಮೀಟರಿನದೋ ಅಲ್ಲವೋ, ಅಂಚಿನ ಪಟ್ಟಿ, ಹಿಂಜಿನ ಕಂಪನಿ ಎಲ್ಲ ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸು. ಸಾಮಾನು ನೀನೇ ತಂದುಕೊಟ್ಟು ಕೂಲಿ ಮಾತ್ರ ಮಾತಾಡಿದರೆ ಇನ್ನೂ ವಾಸಿ. ಕೊನೆಯ ಕಂತನ್ನು ಬಾಗಿಲುಗಳೆಲ್ಲ ಒಂದೇ ಗೆರೆಗೆ ಕೂತ ಮೇಲೆ ಕೊಡು. ಪ್ಲಂಬರ್, ಎಲೆಕ್ಟ್ರಿಷಿಯನ್, ಟೈಲ್ಸಿನವರು, ಬಡಗಿ, ಬಣ್ಣದವರು, ಈ ಸರದಿ ತಪ್ಪದಿರಲಿ.

ಕೆಲಸ ನಡೆಯುವಾಗ ಇಂಡಕ್ಷನ್ ಒಲೆಯನ್ನು ಯುಟಿಲಿಟಿಯಲ್ಲಿಟ್ಟು ಅನ್ನ ಸಾರು ನೋಡಿಕೋ, ಆಗದಿದ್ದರೆ ಇಬ್ಬರೂ ಇಲ್ಲಿಗೆ ಊಟಕ್ಕೆ ಬನ್ನಿ. ಬಡಗಿಯವರು ಬರುವ ದಿನ ಮೊದಲೇ ತಿಳಿಸು. ಹ್ಯಾಂಡಲ್ಲು, ಹಿಂಜು ತರಲು ನಿಮ್ಮ ದೊಡ್ಡಪ್ಪ ಎಸ್.ಪಿ. ರಸ್ತೆಗೆ ಹೋಗಿಬರುತ್ತಾರಂತೆ. ಚೌಕಾಸಿ ಮಾಡಲು ಅವರಿಗೂ ಒಂದು ನೆಪ ಬೇಕಾಗಿತ್ತು.

ಇಂತಿ,
ನಿನ್ನ ದೊಡ್ಡಮ್ಮ