ಆಗಸ್ಟ್ ಬಿಡು, ಚೌತಿ ಮುಗಿಸಿ ಹೊರಡು

ಪುಟ್ಟೀ, ಆಗಸ್ಟ್ 15ರ ರಜೆಗೆ ಆಚೀಚೆ ಒಂದಿಷ್ಟು ದಿನ ಸೇರಿಸಿಕೊಂಡು, ಅಮ್ಮನನ್ನೂ ಕರೆದುಕೊಂಡು ಗ್ರೀಸ್, ಇಟಲಿ ಕಡೆಯ ಸಮುದ್ರತೀರಕ್ಕೆ ಹೋಗುವ ಯೋಚನೆ ಮಾಡಿದ್ದೀರಂತೆ. ಕೇಳಿ ತುಂಬ ಸಂತೋಷವಾಯಿತು. ಖಂಡಿತ ಹೋಗಿಬನ್ನಿ. ಆದರೆ ಟಿಕೆಟ್ ಮಾಡುವ ಮೊದಲು ಈ ಮಾವನ ಮಾತು ಸ್ವಲ್ಪ ಕೇಳು. ಹಡಗಿನ ಕೆಲಸದಲ್ಲಿದ್ದಾಗ ಪಿರೇಯಸ್, ಜಿನೋವಾ, ವಲೆನ್ಸಿಯಾ ಬಂದರುಗಳನ್ನು ಎಲ್ಲ ಕಾಲದಲ್ಲೂ ನೋಡಿದವನು ನಾನು. ಆ ಮೆಡಿಟರೇನಿಯನ್ ಸಮುದ್ರದ ಮೇಲೆ ನನಗೆ ತುಂಬ ಪ್ರೀತಿ. ನೀವು ಅದನ್ನು ಅದರ ಒಳ್ಳೆಯ ದಿನಗಳಲ್ಲೇ ನೋಡಬೇಕು ಅಂತ ಆಸೆ.

ಆಗಸ್ಟ್ 15 ನಮಗೆ ರಜೆಯಾದಂತೆ ಅಲ್ಲಿಯವರಿಗೂ ರಜೆ. ಇಟಲಿಯಲ್ಲಿ ಅದನ್ನು ಫೆರಾಗೋಸ್ತೊ ಎನ್ನುತ್ತಾರೆ. ಅಗಸ್ಟಸ್ ಚಕ್ರವರ್ತಿ ಕ್ರಿ.ಪೂ. 18ರಲ್ಲಿ ಶುರುಮಾಡಿದ ರಜೆಯ ಹೆಸರು ಅದು. ಈಗ ಅದೇ ದಿನ ಮೇರಿ ಮಾತೆಯ ಹಬ್ಬ. ಗ್ರೀಸ್, ಸ್ಪೇನ್, ಪೋರ್ಚುಗಲ್, ಫ್ರಾನ್ಸ್, ಎಲ್ಲ ಕಡೆಯೂ ಬಾಗಿಲು ಹಾಕಿಕೊಂಡು ಜನ ಸಮುದ್ರಕ್ಕೆ ಹೊರಡುತ್ತಾರೆ. ಗ್ರೀಸಿನ ತೀನೋಸ್ ದ್ವೀಪದಲ್ಲಿ ಆ ದಿನ ಬಂದರಿನಿಂದ ಗುಡ್ಡದ ಮೇಲಿನ ಮಾತೆಯ ಗುಡಿಯವರೆಗೆ ಭಕ್ತರು ಮೊಣಕಾಲಿನ ಮೇಲೆ ತೆವಳಿಕೊಂಡು ಹೋಗುತ್ತಾರೆ. ಆ ವಾರ ಫೆರಿಯಲ್ಲಿ ಕೂರಲು ಜಾಗ ಸಿಗುವುದೇ ಪುಣ್ಯ. ಕಾರ್ಖಾನೆಗಳು, ಕಚೇರಿಗಳು ಆಗಸ್ಟಿನಲ್ಲಿ ಒಟ್ಟಿಗೆ ಮುಚ್ಚುವುದು ಅಲ್ಲಿ ಹಳೆಯ ರೂಢಿ. ಫ್ರಾನ್ಸಿನಲ್ಲಿ 1936ರಲ್ಲಿ ಕಾರ್ಮಿಕರಿಗೆ ಎರಡು ವಾರದ ಸಂಬಳಸಹಿತ ರಜೆ ಕಾನೂನಾಗಿ ಬಂದ ಮೇಲಂತೂ ಬೇಸಿಗೆಯ ಸಮುದ್ರತೀರದ ರಜೆ ಬಡವರ ಮನೆಗೂ ಬಂತು. ಅದು ಅವರ ಹಕ್ಕು, ಅವರ ಹಬ್ಬ. ಆ ಜನಜಂಗುಳಿಯ ನಡುವೆ ಮೂರು ಪಟ್ಟು ಬಾಡಿಗೆ ಕೊಟ್ಟು ನೀವು ಯಾಕೆ ನುಗ್ಗಬೇಕು?

ಕರಾವಳಿಯಲ್ಲಿ ಹುಟ್ಟಿದ ನಮಗೆ ಅಲ್ಲಿಯ ಋತುಗಳು ತಲೆಕೆಳಗಾಗಿ ಕಾಣುತ್ತವೆ. ನಮ್ಮಲ್ಲಿ ಜೂನ್ ಬಂತೆಂದರೆ ಕಡಲು ಕೆರಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಮಲ್ಪೆಯಲ್ಲಿ ಲಂಗರು ಹಾಕಿ ನಿಂತಿರುತ್ತವೆ. ಅದೇ ತಿಂಗಳುಗಳಲ್ಲಿ ಮೆಡಿಟರೇನಿಯನ್ ಮೇಲೆ ಒಂದು ಹನಿ ಮಳೆ ಬೀಳುವುದೂ ಅಪರೂಪ. ಅಟ್ಲಾಂಟಿಕ್ ಕಡೆಯ ಅಜೋರ್ಸ್ ದ್ವೀಪಗಳ ಸುತ್ತಲಿನ ಅಧಿಕ ಒತ್ತಡದ ವಲಯ ಬೇಸಿಗೆಯಲ್ಲಿ ಆ ಕಡೆಗೆ ಹಬ್ಬಿ, ಮೋಡಗಳನ್ನು ಹತ್ತಿರ ಬರಗೊಡುವುದಿಲ್ಲ. ಅವರ ಮಳೆಗಾಲವೆಲ್ಲ ಚಳಿಗಾಲದಲ್ಲಿ. ಹಾಗಾದರೆ ನಡು ಬೇಸಿಗೆಯೇ ಒಳ್ಳೆಯದಲ್ಲವೇ ಎಂದು ಕೇಳುತ್ತೀಯ. ಆಕಾಶವನ್ನು ಮಾತ್ರ ನೋಡಿದರೆ ಹೌದು. ನೀರಿಗಿಳಿಯುವ ಆಸೆ ಇದ್ದರೆ ಸಮುದ್ರದ ಲೆಕ್ಕ ಬೇರೆ ಇದೆ.

ಬಚ್ಚಲಿನ ಹಂಡೆಯ ನೀರು ನೋಡು, ಒಲೆ ಹೊತ್ತಿಸಿದ ಕೂಡಲೇ ಕಾಯುವುದಿಲ್ಲ. ಕಾದ ಮೇಲೆ ಬೆಂಕಿ ಆರಿದರೂ ಎಷ್ಟೋ ಹೊತ್ತು ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಆ ಸಮುದ್ರವೂ ಹಾಗೇ. ಹಗಲು ಅತಿ ಉದ್ದವಾಗುವುದು ಜೂನ್ 21ರ ಸುಮಾರಿಗೆ. ನೀರು ಚೆನ್ನಾಗಿ ಕಾಯುವುದು ಆಗಸ್ಟಿಗೆ. ಸೆಪ್ಟೆಂಬರ್ ಮುಗಿಯುವವರೆಗೂ ಆ ಬಿಸಿ ದೊಡ್ಡದಾಗಿ ಇಳಿಯುವುದಿಲ್ಲ. ಗ್ರೀಸಿನ ನಡುದ್ವೀಪಗಳ ಸುತ್ತ ಮೇ ತಿಂಗಳಲ್ಲಿ ನೀರು 18-19 ಡಿಗ್ರಿ ಇದ್ದರೆ, ಸೆಪ್ಟೆಂಬರಿನಲ್ಲಿ 23-24 ಇರುತ್ತದೆ. ನಮ್ಮ ಕಡಲು ವರ್ಷವಿಡೀ 27ರಿಂದ 30ರ ನಡುವೆ ಇರುವುದರಿಂದ ಈ ಐದು ಡಿಗ್ರಿಯ ಬೆಲೆ ಇಲ್ಲಿ ಕೂತು ತಿಳಿಯುವುದಿಲ್ಲ. ಮೇ ಮೊದಲ ವಾರದಲ್ಲಿ ನಾಕ್ಸೊಸ್ ದ್ವೀಪದ ಆಗಿಯೋಸ್ ಪ್ರೊಕೋಪಿಯೋಸ್ ತೀರಕ್ಕೆ ಹೋದರೆ ನೀರು ಗಾಜಿನಷ್ಟು ತಿಳಿ, ಕೆಳಗಿನ ಮರಳಿನ ಗೆರೆಗಳೆಲ್ಲ ಕಾಣುತ್ತವೆ, ಮೇಲೆ ಒಳ್ಳೆಯ ಬಿಸಿಲು. ಕಾಲಿಟ್ಟು ನೋಡು. ಹಿಮ್ಮಡಿಯಿಂದ ಜುಮ್ಮೆಂದು ಹತ್ತಿ, ಮೊಣಕಾಲಿನ ಹತ್ತಿರ ನೋವಾಗಿಯೇ ನಿಲ್ಲುತ್ತದೆ. ಸ್ವೀಡನ್, ಜರ್ಮನಿಯವರು ಪಕ್ಕದಲ್ಲೇ ಆರಾಮಾಗಿ ಈಜುತ್ತಿರುತ್ತಾರೆ. ನಮ್ಮವರು ಸೊಂಟದವರೆಗೆ ಇಳಿದು ಒಂದು ಫೋಟೊ ತೆಗೆಸಿಕೊಂಡು ಮೇಲೆ ಬರುತ್ತಾರೆ. ಅದೇ ತೀರದಲ್ಲಿ ಸೆಪ್ಟೆಂಬರ್ 25ರ ಸುಮಾರಿಗೆ ನಿನ್ನಮ್ಮನೂ ಕುತ್ತಿಗೆಯವರೆಗೆ ನೀರಿನಲ್ಲಿ ಕೂತು ಮಾತಾಡಬಹುದು.

ಇನ್ನು ಗಾಳಿ. ಹಡಗಿನವರು ಮೊದಲು ನೋಡುವುದೇ ಅದನ್ನು. ಪ್ರವಾಸಿಗರು ಕೊನೆಗೂ ನೋಡುವುದಿಲ್ಲ. ಏಜಿಯನ್ ಸಮುದ್ರದಲ್ಲಿ ಜುಲೈ, ಆಗಸ್ಟಿನಲ್ಲಿ ಉತ್ತರದಿಂದ ಮೆಲ್ತೆಮಿ ಬೀಸುತ್ತದೆ. ಅರಿಸ್ಟಾಟಲನ ಕಾಲಕ್ಕೂ ಅದು ಗೊತ್ತಿತ್ತು. ಆಕಾಶ ನಿರ್ಮಲ, ಬಿಸಿಲು ಚುರುಚುರು. ಆದರೆ ಸಮುದ್ರದ ತುಂಬ ಬಿಳಿನೊರೆ. ಮರಳು ಹಾರಿ ಕಾಲಿಗೆ ಸೂಜಿಯಂತೆ ಚುಚ್ಚುತ್ತದೆ, ಛತ್ರಿ ನಿಲ್ಲುವುದಿಲ್ಲ. ಬ್ಯೂಫೋರ್ಟ್ ಅಳತೆಯಲ್ಲಿ ಗಾಳಿ 8 ಮುಟ್ಟಿತೆಂದರೆ ಸಾಮಾನ್ಯವಾಗಿ ಫೆರಿಗಳನ್ನು ಬಂದರಿನಲ್ಲೇ ತಡೆಯುತ್ತಾರೆ. ಚಿಕ್ಕ, ವೇಗದ ದೋಣಿಗಳನ್ನು ಅದಕ್ಕೂ ಮೊದಲೇ. ಪಿರೇಯಸ್ ಧಕ್ಕೆಯಲ್ಲಿ ಮಕ್ಕಳನ್ನು ಸೂಟ್‌ಕೇಸಿನ ಮೇಲೆ ಮಲಗಿಸಿಕೊಂಡು, ಮುಂದಿನ ದ್ವೀಪದ ಹೋಟೆಲಿಗೆ ಕೊಟ್ಟ ಹಣ ಹೋಯಿತೆಂದು ಫೋನಿನಲ್ಲಿ ಗೋಗರೆಯುವ ಕುಟುಂಬಗಳನ್ನು ಅಂಥ ದಿನಗಳಲ್ಲಿ ನೋಡಿದ್ದೇನೆ. ನಾಲ್ಕೈದು ದಿನದಲ್ಲಿ ಮೂರು ದ್ವೀಪ ನೋಡುವ ಲೆಕ್ಕ ಹಾಕಿದವರು ಒಂದು ದಿನ ಸಿಕ್ಕಿಬಿದ್ದರೆ ಇಡೀ ಪ್ರವಾಸವೇ ಹಾಳು. ಸೆಪ್ಟೆಂಬರ್ ಮುಂದುವರಿದಂತೆ ಈ ಗಾಳಿಯ ಜೋರು ಇಳಿಯುತ್ತದೆ. ಯಾವ ತಿಂಗಳಲ್ಲಿ ಹೋದರೂ ಒಂದು ಮಾತು ನೆನಪಿಡು: ವಿಮಾನ ಹತ್ತುವ ಹಿಂದಿನ ದಿನವೇ ದ್ವೀಪ ಬಿಟ್ಟು ಅಥೆನ್ಸಿಗೆ ಬಂದುಬಿಡಿ.

ಬಿಸಿಲಿನ ವಿಷಯದಲ್ಲಿ, "ಮಾವ, ನಾವು ಕಲಬುರಗಿ ಬಿಸಿಲನ್ನೇ ನೋಡಿದವರು" ಎಂದು ನಿನ್ನ ಗಂಡ ಹೇಳಬಹುದು. ಕಲಬುರಗಿಯಲ್ಲಿ ಮಧ್ಯಾಹ್ನ ಎರಡಕ್ಕೆ ಯಾರೂ ಕಲ್ಲುಗುಡ್ಡ ಹತ್ತುವುದಿಲ್ಲ; ಪ್ರವಾಸಿ ಹತ್ತುತ್ತಾನೆ, ಯಾಕೆಂದರೆ ಅವನ ಹತ್ತಿರ ಇರುವುದು ಅದೊಂದೇ ದಿನ. 2021ರ ಆಗಸ್ಟ್ 11ರಂದು ಸಿಸಿಲಿಯ ಸಿರಾಕ್ಯೂಸ್ ಹತ್ತಿರ 48.8 ಡಿಗ್ರಿ ದಾಖಲಾಯಿತು, ಇಡೀ ಯುರೋಪಿನ ದಾಖಲೆ ಅದು. 2023ರ ಜುಲೈಯಲ್ಲಿ ಅಥೆನ್ಸಿನ ಅಕ್ರೊಪೊಲಿಸನ್ನೇ ನಡುಹಗಲು ಮುಚ್ಚಿದರು. ಅದೇ ತಿಂಗಳು ರೋಡ್ಸ್ ದ್ವೀಪದ ಕಾಳ್ಗಿಚ್ಚಿಗೆ ಹೆದರಿ ಸುಮಾರು 19,000 ಜನರನ್ನು ಬೇರೆಡೆಗೆ ಸಾಗಿಸಬೇಕಾಯಿತು. ಅವರಲ್ಲಿ ರಜೆಗೆಂದು ಬಂದವರೇ ಬಹಳ ಮಂದಿ. ಮಳೆಯಿಲ್ಲದೆ ಮೂರು ತಿಂಗಳು ಒಣಗಿದ ಪೈನ್ ಕಾಡಿಗೆ ಗಾಳಿಯೂ ಸೇರಿದರೆ ಬೆಂಕಿ ನಿಲ್ಲಿಸುವುದು ಬಲು ಕಷ್ಟ. ಬಿಪಿ ಮಾತ್ರೆ ತೆಗೆದುಕೊಳ್ಳುವ ಅರವತ್ತು ದಾಟಿದ ತಾಯಿಯನ್ನು ಅಂಥ ದಿನಗಳಲ್ಲಿ ಕರೆದುಕೊಂಡು ಹೋಗಬೇಡ ಮಾರಾಯ್ತಿ. ಇದನ್ನು ನಾನು ಸಲಹೆಯಾಗಿ ಅಲ್ಲ, ಕೇಳಿಕೊಂಡೇ ಹೇಳುತ್ತಿದ್ದೇನೆ.

ನಡು ಬೇಸಿಗೆಯಲ್ಲಿ ಸಮುದ್ರಕ್ಕೆ ಹೋಗುವುದು ಅಲ್ಲಿಯೂ ತೀರ ಹಳೆಯ ಪದ್ಧತಿಯೇನಲ್ಲ. ಫ್ರಾನ್ಸಿನ ನೀಸ್ ನಗರ ಬೆಳೆದದ್ದೇ ಚಳಿಗಾಲದ ತಂಗುದಾಣವಾಗಿ. 2021ರಲ್ಲಿ ಯುನೆಸ್ಕೊ ಅದಕ್ಕೆ ವಿಶ್ವ ಪರಂಪರೆಯ ಮಾನ್ಯತೆ ಕೊಟ್ಟದ್ದೂ ಆ ಕಾರಣಕ್ಕೇ. ಇಂಗ್ಲೆಂಡಿನ ಸಿರಿವಂತರು ತಮ್ಮ ಚಳಿಯಿಂದ ತಪ್ಪಿಸಿಕೊಳ್ಳಲು ಅಲ್ಲಿಗೆ ಬಂದು, ಬಿಸಿಲೇರುವ ಹೊತ್ತಿಗೆ ಊರಿಗೆ ಮರಳುತ್ತಿದ್ದರು. ಜೆರಾಲ್ಡ್ ಮತ್ತು ಸಾರಾ ಮರ್ಫಿ ಎಂಬ ಅಮೆರಿಕದ ದಂಪತಿ 1923ರಲ್ಲಿ ಅದೇ ಕರಾವಳಿಯ ಅಂಟೀಬ್‌ನ ಓಟೆಲ್ ದು ಕಾಪ್‌ನವರನ್ನು ಒಪ್ಪಿಸಿ ಬೇಸಿಗೆಯಲ್ಲೂ ಬಾಗಿಲು ತೆರೆಸಿದ್ದು ಆ ಕಾಲಕ್ಕೆ ಹೊಸ ಸಂಗತಿ. ನೂರು ವರ್ಷದಲ್ಲಿ ರೂಢಿ ಹೀಗೆ ತಿರುಗಿತು. ಈಗ ಸೆಕೆ ಏರುತ್ತಿರುವ ರೀತಿ ನೋಡಿದರೆ ಮತ್ತೆ ತಿರುಗಿದರೂ ನನಗೆ ಆಶ್ಚರ್ಯವಿಲ್ಲ. ಚಳಿಗಾಲದಲ್ಲಿ ಹೋಗಿ ಎಂದು ಮಾತ್ರ ನಿಮಗೆ ಹೇಳಲಾರೆ. ಗ್ರೀಸಿನ ಎಷ್ಟೋ ದ್ವೀಪಗಳಲ್ಲಿ ಆಗ ಹೋಟೆಲುಗಳಿಗೆ ಬೀಗ, ಫೆರಿಗಳೂ ಕಡಿಮೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದೆ ತಿರುಗಿಸಿದ ಮೇಲೆ ಸಂಜೆ ಐದೂವರೆಗೆಲ್ಲ ಕತ್ತಲು.

ಸೆಪ್ಟೆಂಬರಿನಲ್ಲಿ ಇಂಥ ತೊಂದರೆ ಕಡಿಮೆ. ಶಾಲೆಗಳು ತೆರೆದು ಮಕ್ಕಳಿರುವ ಕುಟುಂಬಗಳೆಲ್ಲ ಊರಿಗೆ ಹೋಗಿರುತ್ತವೆ. ಬಾಡಿಗೆ ಇಳಿಯುತ್ತದೆ. ಹೋಟೆಲಿನವನಿಗೆ ನಿಂತು ಮಾತಾಡಲು ಪುರುಸೊತ್ತು ಸಿಗುತ್ತದೆ. ಅಂಜೂರ, ದ್ರಾಕ್ಷಿ ಮಾರುಕಟ್ಟೆ ತುಂಬ. ಇಟಲಿಯ ತೀರಗಳಲ್ಲಿ ಆಗಸ್ಟಿನಲ್ಲಿ ಬಾಡಿಗೆ ಛತ್ರಿಗಳ ಸಾಲು ನೀರಿನ ಅಂಚಿನವರೆಗೂ ಇರುತ್ತದೆ, ಮುಂದಿನ ಸಾಲು ಇಡೀ ಸೀಸನ್ನಿಗೆ ಯಾರದ್ದೋ ಹೆಸರಿಗೆ. ಸೆಪ್ಟೆಂಬರ್ ಅರ್ಧ ಕಳೆದ ಮೇಲೆ ಒಂದೊಂದಾಗಿ ಆ ಛತ್ರಿಗಳನ್ನು ಮಡಚಿ ಒಳಗಿಡುತ್ತಾರೆ, ಮರಳು ಮತ್ತೆ ಎಲ್ಲರದ್ದಾಗುತ್ತದೆ.

ಆದರೂ ಒಂದು ಎಚ್ಚರಿಕೆ ಬೇಕು. ನಿಮಗೆ ಹಿತವಾಗುವ ಆ ಬೆಚ್ಚಗಿನ ನೀರೇ ಮೇಲಿನ ತಣ್ಣನೆಯ ಗಾಳಿ ಬಂದೊಡನೆ ಬಿರುಮಳೆಗೆ ಕಾರಣವಾಗುತ್ತದೆ. ಪಶ್ಚಿಮದ ಕಡೆ ಅದು ಬೇಗ. 2011ರ ಅಕ್ಟೋಬರ್ 25ರಂದು ಇಟಲಿಯ ಚಿಂಕ್ವೆ ತೆರ್ರೆಯ ವೆರ್ನಾತ್ಸಾ, ಮಾಂಟೆರೊಸ್ಸೊ ಊರುಗಳ ಬೀದಿಯಲ್ಲಿ ಕೆಸರಿನ ಹೊಳೆ ಹರಿಯಿತು. 2024ರ ಅಕ್ಟೋಬರ್ 29ರಂದು ವಲೆನ್ಸಿಯಾ ಸುತ್ತ ಬಂದ ನೆರೆಗೆ ಇನ್ನೂರಕ್ಕೂ ಹೆಚ್ಚು ಜನ ಹೋದರು. ನಾನು ಓಡಾಡಿದ ಊರು ಅದು. ಆ ಚಿತ್ರಗಳನ್ನು ಟಿವಿಯಲ್ಲಿ ನೋಡಲಾಗಲಿಲ್ಲ. ಹಾಗಾಗಿ ಸ್ಪೇನ್, ಇಟಲಿಯ ಪಶ್ಚಿಮ ತೀರಕ್ಕಾದರೆ ಸೆಪ್ಟೆಂಬರ್ ಒಳಗೇ ಮುಗಿಸಿ. ಪೂರ್ವಕ್ಕೆ ಹೋದಷ್ಟೂ ಬೇಸಿಗೆ ಉದ್ದ. ಕ್ರೀಟ್, ರೋಡ್ಸ್, ಸೈಪ್ರಸ್ ಕಡೆ ಅಕ್ಟೋಬರ್ ನಡುವಿನಲ್ಲೂ ಈಜಬಹುದು.

ಇದನ್ನು ನಮ್ಮ ಪಂಚಾಂಗದ ಜೊತೆ ಇಟ್ಟು ನೋಡು. ಚೌತಿ ಮುಗಿಸಿ ಹೊರಟರೆ ಕಾಲ ಸರಿಯಾಗಿ ಕೂಡಿಬರುತ್ತದೆ. ಇಲ್ಲ, ಅಣ್ಣನ ಮಕ್ಕಳೂ ಬರಬೇಕು, ದಸರಾ ರಜೆಯೇ ಆಗಬೇಕು ಎಂದರೆ ಆ ವರ್ಷ ಅಧಿಕ ಮಾಸ ಇದೆಯೇ ಎಂದು ಮೊದಲು ನೋಡಿಕೋ. ಅಧಿಕ ಮಾಸ ಬಂದರೆ ವಿಜಯದಶಮಿ ಅಕ್ಟೋಬರ್ 20ರ ಆಚೀಚೆಗೆ ಹೋಗುತ್ತದೆ. ಆಗ ಇಟಲಿಯ ಆಸೆ ಬಿಟ್ಟು ನೇರ ಕ್ರೀಟಿಗೆ ಟಿಕೆಟ್ ಮಾಡಿಸು.

ಪೋರ್ಚುಗಲ್ ಹೆಸರೂ ಮಾತಿನಲ್ಲಿ ಬಂದಿತ್ತಲ್ಲ, ಅದರ ಲೆಕ್ಕವೇ ಬೇರೆ. ಲಿಸ್ಬನ್ ಪಕ್ಕದ ತೀರ ಇರುವುದು ಅಟ್ಲಾಂಟಿಕ್ ಮೇಲೆ. ಬೇಸಿಗೆಯ ಬಡಗಣ ಗಾಳಿ ಮೇಲಿನ ಬೆಚ್ಚನೆಯ ನೀರನ್ನು ಆಚೆ ತಳ್ಳಿ, ಆಳದ ತಣ್ಣೀರನ್ನು ಮೇಲೆಳೆಯುತ್ತದೆ. ಹೊರಗೆ 30 ಡಿಗ್ರಿ ಬಿಸಿಲಿದ್ದರೂ ನೀರು 17-18. ಈ ತಣ್ಣೀರಿನ ಜೊತೆ ಮೀನಿನ ಆಹಾರವೂ ಮೇಲೆ ಬರುವುದರಿಂದ ಅಲ್ಲಿ ಸಾರ್ಡೀನ್ ಸಮೃದ್ಧಿ. ಮಳೆಗಾಲದಲ್ಲಿ ನಮ್ಮ ಕಡಲಲ್ಲಿ ಆಳದ ನೀರು ಮೇಲೆದ್ದು ಬೂತಾಯಿ ಹೆಚ್ಚುವುದೂ ಇದೇ ಕ್ರಮದಲ್ಲಿ. ನಿನ್ನ ಗಂಡ ಮೀನು ತಿನ್ನುವವನು. ಜೂನ್ 12ರ ರಾತ್ರಿ ಸಂತ ಆಂತೋನಿಯ ಹಬ್ಬಕ್ಕೆ ಲಿಸ್ಬನ್ನಿನ ಓಣಿ ಓಣಿಯಲ್ಲಿ ಕೆಂಡದ ಮೇಲೆ ಸುಡುವ ಸಾರ್ಡೀನ್ ತಿನ್ನಲೆಂದೇ ಅವನು ಒಮ್ಮೆ ಅಲ್ಲಿಗೆ ಹೋಗಲಿ. ಈಜಲು ಬೇಡ.

ಸೆಪ್ಟೆಂಬರಿನಲ್ಲಿ ರಜೆ ಸಿಗಲೇ ಇಲ್ಲ, ಏಪ್ರಿಲ್-ಮೇ ಬಿಟ್ಟರೆ ಗತಿಯಿಲ್ಲ ಅಂದರೆ ಆಗಲೂ ಹೋಗಿ, ಆದರೆ ಈಜುವ ಯೋಚನೆ ಬಿಟ್ಟು ನಡೆಯಲು ಹೋಗಿ. ಮಳೆ ಕುಡಿದ ಗುಡ್ಡಗಳು ಆಗ ಹಸಿರು, ಕ್ರೀಟಿನ ಹೊಲದ ಬದಿಗಳಲ್ಲಿ ಕೆಂಪು ಗಸಗಸೆ ಹೂವು. 16 ಕಿ.ಮೀ. ಉದ್ದದ ಸಮಾರಿಯಾ ಕಣಿವೆಯ ದಾರಿ ಸಾಮಾನ್ಯವಾಗಿ ಮೇ ತಿಂಗಳಲ್ಲಿ ತೆರೆಯುತ್ತದೆ. ನಿನ್ನಮ್ಮನಿಗಂತೂ ಈಸ್ಟರಿಗೆ ಮೊದಲಿನ ಉಪವಾಸದ ವಾರಗಳು ಊಟಕ್ಕೆ ತುಂಬ ಅನುಕೂಲ. ಗ್ರೀಸಿನ ಸಂಪ್ರದಾಯಸ್ಥರು ಆಗ ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟುವುದಿಲ್ಲ. ಹಾಗಾಗಿ ಹೋಟೆಲುಗಳಲ್ಲಿ ದಪ್ಪ ಬಿಳಿ ಅವರೆಯ ಅಡುಗೆ, ಫಾವಾ ಎಂಬ ಬೇಳೆಯ ಮುದ್ದೆ, ಎಣ್ಣೆ-ನಿಂಬೆ ಹಾಕಿದ ಬೇಯಿಸಿದ ಸೊಪ್ಪು ಧಾರಾಳ. "ನಿಸ್ತೀಸಿಮೊ" ಎಂದು ಕೇಳಿದರೆ ಸಾಕು, ಉಪವಾಸದ ಅಡುಗೆ ತಂದಿಡುತ್ತಾರೆ. ಸೀಗಡಿ, ಬೊಂಡಾಸ ಆ ಉಪವಾಸಕ್ಕೆ ನಡೆಯುತ್ತವೆ, ಅದನ್ನು ಮಾತ್ರ ಬೇಡವೆಂದು ಬಾಯಿಬಿಟ್ಟು ಹೇಳಬೇಕು.

ಊರು ಆರಿಸುವಾಗ ಅಮ್ಮನ ಮೊಣಕಾಲನ್ನು ಮರೆಯಬೇಡ. ಗ್ರೀಸಿನ ಸ್ಯಾಂಟೊರಿನಿ, ಇಟಲಿಯ ಪೊಸಿತಾನೊ ಚಿತ್ರದಲ್ಲಿ ಚೆಂದ. ಕಾಲಿಗೆ ಬರೀ ಮೆಟ್ಟಿಲು. ಕ್ರೊಯೇಷಿಯಾದ ತೀರ ಬಹುಪಾಲು ಉರುಟು ಕಲ್ಲು, ರಬ್ಬರ್ ಚಪ್ಪಲಿ ಇಲ್ಲದೆ ಇಳಿಯಲಾಗದು. ನಾಕ್ಸೊಸ್‌ನಲ್ಲಾದರೆ ಮರಳು, ನಿಧಾನವಾಗಿ ಆಳವಾಗುವ ನೀರು. ಒಂದೇ ಊರಿನಲ್ಲಿ ಆರೇಳು ದಿನ ಇರಿ.

ವೀಸಾ ಕೆಲಸಕ್ಕೆ ಈಗಲೇ ಕೈಹಾಕು. ಶೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಕೊಡಬಹುದು; ತೀರ ತಡವೆಂದರೂ 15 ದಿನ ಮೊದಲು ಕೊಟ್ಟಿರಬೇಕು. ಹೆಚ್ಚು ದಿನ ಉಳಿಯುವ ದೇಶಕ್ಕೇ ಅರ್ಜಿ ಹಾಕು. ವಯಸ್ಕರಿಗೆ ಶುಲ್ಕ 90 ಯೂರೊ, ಜೊತೆಗೆ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅಮ್ಮನ ಬಿಪಿ ವಿಷಯವನ್ನು ವಿಮೆಯ ಅರ್ಜಿಯಲ್ಲಿ ಮುಚ್ಚಿಡಬೇಡ. ಏಪ್ರಿಲಿನಿಂದ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟಿಗೆ ನೂಕುನುಗ್ಗಲು. ನಿನ್ನ ಗಂಡನ ಆಫೀಸಿನಲ್ಲಿ ಸೆಪ್ಟೆಂಬರ್ ಕೊನೆಯ ವಾರ ಲೆಕ್ಕ ಮುಗಿಸುವ ಗಡಿಬಿಡಿ ಇರುತ್ತದಂತೆ, ಅವನು ಈ ವಾರವೇ ರಜೆ ಬರೆದುಕೊಡಲಿ. ತಾರೀಖು ಗಟ್ಟಿಯಾದ ಕೂಡಲೇ ಫೋನ್ ಮಾಡು, ಯಾವ ಫೆರಿ, ಯಾವ ತೀರ ಎಂದು ಕೂತು ಬರೆದುಕೊಡುತ್ತೇನೆ.