ನ್ಯೂರೋಬ್ಲಾಸ್ಟೋಮ: ಮಕ್ಕಳಲ್ಲಿ ಅದರ ಕುರುಹುಗಳು

ಕ್ಯಾನ್ಸರ್ ವಯಸ್ಸಾದವರ ಕಾಯಿಲೆಯೆಂಬ ಭಾವನೆ ನಮ್ಮಲ್ಲನೇಕರಿಗೆ ಇದೆ. ಆದರೆ ಮೊಲೆಹಾಲು ಕುಡಿಯುವ ಕೂಸುಗಳನ್ನೂ ಬಿಡದ ಕ್ಯಾನ್ಸರ್ ಒಂದುಂಟು, ಅದೇ ನ್ಯೂರೋಬ್ಲಾಸ್ಟೋಮ. ಗ್ರೀಕ್ ಭಾಷೆಯಲ್ಲಿ ‘ನ್ಯೂರಾನ್’ ಎಂದರೆ ನರ, ‘ಬ್ಲಾಸ್ಟೋಸ್’ ಎಂದರೆ ಮೊಳಕೆ. ಬೆಳೆದು ನರವಾಗಬೇಕಾದ ಎಳೆಯ ಜೀವಕೋಶಗಳು ಬಲಿಯದೆಯೇ ಮಿತಿಮೀರಿ ಹೆಚ್ಚಿ ಗಡ್ಡೆಯಾಗುವುದೇ ಈ ರೋಗ. ಅಮೆರಿಕದ ಜೇಮ್ಸ್ ಹೋಮರ್ ರೈಟ್ ಎಂಬ ವೈದ್ಯರು 1910ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಇದಕ್ಕೆ ತುತ್ತಾಗುವವರಲ್ಲಿ ಬಹುಮಂದಿ 5 ವರ್ಷದೊಳಗಿನ ಮಕ್ಕಳು.

ಗಡ್ಡೆಯು ಹೆಚ್ಚಾಗಿ ಹುಟ್ಟುವುದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ. ಬೆನ್ನುಮೂಳೆಯ ಇಕ್ಕೆಲದಲ್ಲಿ, ಎದೆಯಲ್ಲಿ, ಕತ್ತಿನಲ್ಲಿ ಹುಟ್ಟುವುದೂ ಉಂಟು. ನೆಲೆಗೆ ತಕ್ಕಂತೆ ಕುರುಹು ಬೇರೆಯಾಗುತ್ತದೆ.

ಹೊಟ್ಟೆಯಲ್ಲಿದ್ದರೆ ಹೊಟ್ಟೆ ಉಬ್ಬುತ್ತದೆ. ಕೈಗೆ ಗಟ್ಟಿಯಾದ ಗಡ್ಡೆ ಸಿಕ್ಕಬಹುದು. ಮಗು ಸರಿಯಾಗಿ ಉಣ್ಣುವುದಿಲ್ಲ. ಕತ್ತಿನಲ್ಲಿದ್ದರೆ ಒಂದು ಕಣ್ಣಿನ ರೆಪ್ಪೆ ಜೋತುಬಿದ್ದು ಅದರ ಪಾಪೆ ಕಿರಿದಾಗಬಹುದು. ರೋಗವು ಮೂಳೆಗಳಿಗೆ ಹರಡಿದಾಗ ನೋವು, ಕುಂಟುನಡಿಗೆ, ಜ್ವರ, ಬಿಳಿಚಿಕೊಳ್ಳುವಿಕೆ ಕಾಣುತ್ತವೆ. ಕಣ್ಣುಗೂಡಿನ ಮೂಳೆಗೆ ಹರಡಿದರೆ ಏಟು ಬೀಳದಿದ್ದರೂ ಕಣ್ಣಿನ ಸುತ್ತ ಕಪ್ಪುಗಟ್ಟುತ್ತದೆ. ಕೂಸುಗಳ ಚರ್ಮದಡಿ ನೀಲಿಬಣ್ಣದ ಗಂಟುಗಳೇಳಬಹುದು. ಅಪರೂಪವಾಗಿ ಕಣ್ಣುಗುಡ್ಡೆಗಳು ಎತ್ತೆತ್ತಲೋ ಕುಣಿದು ಕೈಕಾಲು ಅದುರುವುದುಂಟು. ಗಡ್ಡೆಯು ಬೆನ್ನುಹುರಿಯನ್ನು ಒತ್ತಿದರೆ ಕಾಲುಗಳ ಬಲ ಕುಗ್ಗಿ ಮಲಮೂತ್ರಗಳ ಹಿಡಿತ ತಪ್ಪುತ್ತದೆ. ಆಗ ಒಂದು ದಿನವೂ ತಡಮಾಡಲಾಗದು.

ತೊಡಕೆಂದರೆ, ಪ್ರತಿಯೊಂದು ಕುರುಹಿಗೂ ಮನೆಯಲ್ಲಿ ಸುಲಭವಾದ ಸಮಾಧಾನವಿದೆ. ಹೊಟ್ಟೆ ಉಬ್ಬಿದರೆ ಜಂತುಹುಳು, ಕುಂಟಿದರೆ ಆಟದಲ್ಲಿ ಬಿದ್ದ ನೋವು, ಸೊರಗಿದರೆ ದೃಷ್ಟಿ! ಬಹುಪಾಲು ಕಾರಣ ಸಣ್ಣದೇ ಆಗಿರುತ್ತದೆ. ಈ ರೋಗ ವಿರಳವಾದುದು. ಆದರೆ ಕುರುಹು ಮಾಯದೆ ಉಳಿದರೆ, ಎರಡು ಮೂರು ಕುರುಹುಗಳು ಕೂಡಿಬಂದರೆ, ಮಗುವನ್ನು ವೈದ್ಯರಿಗೆ ತೋರಿಸತಕ್ಕದ್ದು. ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿದರಂತೂ ಕಾಯುವಂತೆಯೇ ಇಲ್ಲ. ಮೂತ್ರದ ಪರೀಕ್ಷೆ, ಅಲ್ಟ್ರಾಸೌಂಡ್, ಗಡ್ಡೆಯ ಚೂರಿನ ಪರೀಕ್ಷೆ ಮೊದಲಾದವುಗಳಿಂದ ರೋಗವನ್ನು ನಿರ್ಣಯಿಸುತ್ತಾರೆ.

ಹಾಗಾದರೆ ಎಲ್ಲ ಕೂಸುಗಳ ಮೂತ್ರವನ್ನೂ ಮೊದಲೇ ಪರೀಕ್ಷಿಸಬಾರದೇಕೆ? ಜಪಾನ್ ದೇಶವು 1980ರ ದಶಕದಲ್ಲಿ ಹಾಗೆಯೇ ಮಾಡಿತು. ಆದರೆ ತಾವಾಗಿಯೇ ಕರಗಿಹೋಗಬಹುದಾಗಿದ್ದ ಗಡ್ಡೆಗಳೇ ಬಹಳವಾಗಿ ಸಿಕ್ಕಿದುದರಿಂದ 2004ರಲ್ಲಿ ಆ ಯೋಜನೆಯನ್ನು ನಿಲ್ಲಿಸಲಾಯಿತು. ಆದುದರಿಂದ ಮಗುವನ್ನು ದಿನವೂ ಮೀಯಿಸಿ, ಉಣಿಸಿ, ಎತ್ತಿಕೊಳ್ಳುವವರ ಕಣ್ಣು ಕೈಗಳೇ ಇಂದಿಗೂ ಮೊದಲ ಪರೀಕ್ಷೆ. ನಾವು ವೈದ್ಯರಲ್ಲ, ಆದರೆ ನಾಳೆ ತಂದೆತಾಯಿಗಳೂ ಉಪಾಧ್ಯಾಯರೂ ಆಗತಕ್ಕವರು. ರೋಗದ ಹೆಸರು ಮರೆತರೂ ಚಿಂತೆಯಿಲ್ಲ, ಕುರುಹುಗಳು ನೆನಪಿರಲಿ.