ಮಿಕ್ಕಿಯ ಜೊತೆ ತಿಂಡಿಗೆ ಎಷ್ಟು ಜನ?

ಅಮೆರಿಕಕ್ಕೆ ಹೊರಟ ನಮ್ಮವರು ವಿಮಾನದ ಟಿಕೆಟ್ ಎರಡು ಸಾವಿರ ಇಳಿಯಲಿ ಎಂದು ತಿಂಗಳುಗಟ್ಟಲೆ ಕಾಯುತ್ತಾರೆ. ಅದೇ ಜನ ಫ್ಲೋರಿಡಾದ ಒರ್ಲ್ಯಾಂಡೊ ತಲುಪಿದ ಮೇಲೆ ಒಂದು ಬೆಳಗಿನ ತಿಂಡಿಗೆ ಮೂವತ್ತು ಸಾವಿರ ಕೊಟ್ಟು ಎದ್ದು ಬರುತ್ತಾರೆ. ನಮ್ಮ ಬಿಲ್ಲು ಅದಕ್ಕೂ ಮೇಲೆ ಹೋಯಿತು. ಡಿಸ್ನಿ ವರ್ಲ್ಡ್‌ಗೆ ಹೋಗಿ ಬಂದವರನ್ನು ಕೇಳಿ ನೋಡಿ: ಪಾರ್ಕಿನ ಟಿಕೆಟ್ ಎಷ್ಟು, ಹೋಟೆಲ್ ಎಷ್ಟು, ಕಾರಿನ ಬಾಡಿಗೆ ಎಷ್ಟು ಎಂದು ತಟ್ಟನೆ ಹೇಳುತ್ತಾರೆ. ಮಿಕ್ಕಿ, ಗೂಫಿಯಂಥ ವೇಷದವರು ಟೇಬಲ್ಲಿಗೇ ಬರುವ ಊಟ, ಅಂದರೆ ಕ್ಯಾರೆಕ್ಟರ್ ಮೀಲ್, ಎಷ್ಟಾಯಿತು ಎಂದರೆ ತಡವರಿಸುತ್ತಾರೆ. ಅದು ಊಟ-ತಿಂಡಿಯ ಖರ್ಚಿನಲ್ಲಿ ಸೇರಿ ಕಣ್ಣಿಗೆ ಬೀಳದೆ ಹೋಗಿರುತ್ತದೆ. ಅದನ್ನು ಟಿಕೆಟ್ಟಿನ ಸಾಲಿನಲ್ಲಿ ಬರೆಯಬೇಕು, ಆಗಲೇ ಅದರ ನಿಜವಾದ ಬೆಲೆ ಗೊತ್ತಾಗುತ್ತದೆ ಎಂಬುದು ನನ್ನ ವಾದ.

ತಂಗಿಯ ಸಂಸಾರ ಅಟ್ಲಾಂಟಾದಲ್ಲಿದೆ. ಹತ್ತು ವರ್ಷದ ಮಗ, ಆರು ವರ್ಷದ ಮಗಳು. ನಾನೂ ನಮ್ಮನೆಯವರೂ ಸೇರಿ ಆರು ಜನ. ಅರವತ್ತು ದಿನ ಮುಂಚೆ ಬುಕಿಂಗ್ ತೆರೆಯುವ ಹೊತ್ತಿಗೆ ತಂಗಿ ಬೆಳಗಿನ ಜಾವವೇ ಎದ್ದು ಎರಡು ಟೇಬಲ್ ಹಿಡಿದಿದ್ದಳು. ಒಂದು ಕಂಟೆಂಪರರಿ ರೆಸಾರ್ಟಿನ ಶೆಫ್ ಮಿಕ್ಕೀಸ್‌ನಲ್ಲಿ ಬೆಳಗಿನ ಬಫೆ. ಇನ್ನೊಂದು ಮ್ಯಾಜಿಕ್ ಕಿಂಗ್‌ಡಮ್‌ನ ಕೋಟೆಯೊಳಗೆ, ಸಿಂಡರೆಲಾಸ್ ರಾಯಲ್ ಟೇಬಲ್‌ನಲ್ಲಿ ರಾತ್ರಿಯೂಟ. ಎರಡೂ ಆರು ಜನಕ್ಕೆ.

“ನಮ್ಮಿಬ್ಬರಿಗೆ ಬೇಡ ಬಿಡೇ” ಎಂದೆ.

“ನಿನ್ನನ್ನೂ ಭಾವನನ್ನೂ ರೂಮಲ್ಲಿ ಕೂರಿಸಿ ನಾವು ಮಾತ್ರ ಹೋಗಿ ತಿಂದು ಬರೋದಾ ಅಕ್ಕಾ? ಚೆನ್ನಾಗಿರತ್ತಾ?” ಎಂದಳು. ಮಾತು ಅಲ್ಲಿಗೇ ನಿಂತಿತು.

ಈಗ ಬೆಳಗಿನ ಬಿಲ್ಲು. ನಮಗೆ ಬಿದ್ದ ದರ ದೊಡ್ಡವರಿಗೆ 54 ಡಾಲರ್, ಮಕ್ಕಳಿಗೆ 34. ಡಿಸ್ನಿ ವರ್ಲ್ಡ್‌ನಲ್ಲಿ ಮಕ್ಕಳು ಎಂದರೆ 3ರಿಂದ 9 ವರ್ಷದವರು. ಹತ್ತು ತುಂಬಿತೋ, ದೊಡ್ಡವರ ದರ. ಹಾಗಾಗಿ ತಂಗಿಯ ಮಗನೂ ಸೇರಿ ಐದು ಜನ ದೊಡ್ಡವರು: 270. ಮಗುವಿಗೆ 34. ಒಟ್ಟು 304. ಇದರ ಮೇಲೆ ಶೇ 6.5 ಮಾರಾಟ ತೆರಿಗೆ, 19.76. ಆರು ಅಥವಾ ಹೆಚ್ಚು ಜನ ಕೂತರೆ ಶೇ 18 ಟಿಪ್ ಬಿಲ್ಲಿಗೇ ಸೇರಿ ಬರುತ್ತದೆ, 54.72. ಎಲ್ಲ ಸೇರಿ 378.48 ಡಾಲರ್. ಕೊಟ್ಟದ್ದು ಭಾರತದ ಕಾರ್ಡಿನಲ್ಲಿ. ಆ ಕಾರ್ಡಿಗೆ ಶೇ 3.5 ಮಾರ್ಕಪ್, ಮಾರ್ಕಪ್ಪಿನ ಮೇಲೆ ಶೇ 18 ಜಿಎಸ್‌ಟಿ. ಅಲ್ಲಿಗೆ 394. ಡಾಲರಿಗೆ 85ರಂತೆ ಸುಮಾರು 33,500 ರೂಪಾಯಿ.

ಮಾರ್ಕಪ್ ಬದಿಗಿಡೋಣ, ಅದು ಪ್ರವಾಸದ ಎಲ್ಲ ಖರ್ಚಿಗೂ ಅಂಟಿಕೊಂಡಿರುತ್ತದೆ. 378 ಡಾಲರಿನಲ್ಲಿ ತಿಂಡಿಯ ಪಾಲು ಎಷ್ಟು? ಬೇರೆ ಕಡೆ ನಿಂತು ತಿಂದಿದ್ದರೂ ತಲೆಗೆ 12 ಡಾಲರ್ ಆಗುತ್ತಿತ್ತು ಎಂದಿಟ್ಟುಕೊಂಡರೆ 72. ಉಳಿದ 306 ಡಾಲರ್ ಮಿಕ್ಕಿ, ಮಿನ್ನಿ, ಡೊನಾಲ್ಡ್, ಗೂಫಿ, ಪ್ಲೂಟೊ ನಮ್ಮ ಟೇಬಲ್ಲಿಗೆ ಬಂದುದಕ್ಕೆ.

ಇದೇ ಪಾತ್ರಗಳನ್ನು ಪಾರ್ಕಿನ ಒಳಗೆ ಬೇರೆ ದುಡ್ಡು ಕೊಡದೆ ನೋಡಬಹುದು. ಮಿಕ್ಕಿ ಟೌನ್ ಸ್ಕ್ವೇರ್ ಥಿಯೇಟರ್‌ನಲ್ಲಿ ಸಿಗುತ್ತಾನೆ, ಪೀಟ್ಸ್ ಸಿಲ್ಲಿ ಸೈಡ್‌ಶೋದಲ್ಲಿ ಒಂದು ಸಾಲು ಗೂಫಿ-ಡೊನಾಲ್ಡ್‌ಗೆ, ಇನ್ನೊಂದು ಮಿನ್ನಿ-ಡೇಸಿಗೆ. ಮೂರು ಸಾಲು, ಒಂದೊಂದಕ್ಕೆ ನಲವತ್ತು ನಿಮಿಷ ಹಿಡಿಯಿರಿ, ಎರಡು ಗಂಟೆ. ಆ ಎರಡು ಗಂಟೆಗೂ ಬೆಲೆಯಿದೆ. ಪಾರ್ಕಿನ ಟಿಕೆಟ್ ತಲೆಗೆ 150 ಡಾಲರ್, ಪಾರ್ಕು ತೆರೆದಿರುವುದು ಹನ್ನೆರಡು ಗಂಟೆ ಎಂದುಕೊಂಡರೆ ಒಬ್ಬರಿಗೆ ಗಂಟೆಗೆ 12.50. ಆರು ಜನಕ್ಕೆ 75. ಎರಡು ಗಂಟೆ ಸಾಲಿನಲ್ಲಿ ನಿಂತರೆ 150 ಡಾಲರಿನ ಪಾರ್ಕು ಕೈಬಿಟ್ಟು ಹೋದಂತೆ. ಟೇಬಲ್ಲಿಗೆ ಕೊಟ್ಟ 306ರಲ್ಲಿ ಈ 150 ಕಳೆದರೆ 156 ಉಳಿಯಿತು, ಹದಿಮೂರು ಸಾವಿರ ರೂಪಾಯಿಗೂ ಹೆಚ್ಚು.

ಇಲ್ಲೊಂದು ಸೂಕ್ಷ್ಮವಿದೆ. ನಾವು ಪಾರ್ಕಿಗೆ ಹೋಗದ ದಿನ ಈ ತಿಂಡಿ ತಿಂದೆವು. ಕಂಟೆಂಪರರಿ ಒಂದು ಹೋಟೆಲ್, ಒಳಗೆ ಬರಲು ಪಾರ್ಕ್ ಟಿಕೆಟ್ ಬೇಡ. ಪಾರ್ಕಿನ ದಿನ ಹತ್ತೂವರೆಗೆ ಟೇಬಲ್ ಹಿಡಿದವರು ಒಂದೂವರೆ ಗಂಟೆ ಅಲ್ಲೇ ಕಳೆಯುತ್ತಾರೆ, ಗಂಟೆಗೆ 75ರಂತೆ 112 ಡಾಲರಿನ ಪಾರ್ಕು ಹೋಯಿತು. ಸಾಲು ತಪ್ಪಿಸಿ ಉಳಿಸಿದ್ದು 150, ಕೂತು ಕಳೆದದ್ದು 112. ಅಂಥವರಿಗೆ ಈ ತಿಂಡಿ ಉಳಿಸಿಕೊಟ್ಟದ್ದು ಬರೀ 38 ಡಾಲರ್. ಸಮಯ ಉಳಿಯುತ್ತದೆ ಎಂದು ಕ್ಯಾರೆಕ್ಟರ್ ಮೀಲ್ ಮಾಡುವವರು ಈ ಒಂದು ಲೆಕ್ಕವನ್ನು ತಪ್ಪದೆ ಹಾಕಿ ನೋಡಬೇಕು.

ಹಾಗಾದರೆ ಆ 156 ಡಾಲರ್ ಯಾವುದಕ್ಕೆ? ಮಗುವಿಗೆ. ಮಿಕ್ಕಿ ಬಂದಾಗ ತಂಗಿಯ ಮಗಳು ಖುಷಿಯಿಂದಲೇ ಆಟೋಗ್ರಾಫ್ ಪುಸ್ತಕ ಮುಂದೆ ಹಿಡಿದಳು. ಗೂಫಿ ಬಂದಾಗ ಆ ಎತ್ತರ, ಆ ದೊಡ್ಡ ತಲೆ ಕಂಡು ಅಮ್ಮನ ಸ್ವೆಟರಿನಲ್ಲಿ ಮುಖ ಹುದುಗಿಸಿದಳು. ಗೂಫಿ ಹತ್ತಿರ ಬರಲಿಲ್ಲ. ಎರಡು ಟೇಬಲ್ ಆಚೆ ನೆಲಕ್ಕೆ ಮಂಡಿಯೂರಿ, ದಪ್ಪ ಕೈಗವಸಿನಿಂದ ತನ್ನ ಕಣ್ಣನ್ನೇ ಮುಚ್ಚಿಕೊಂಡ. ಇವಳು ಒಂದು ಕಣ್ಣು ತೆಗೆದು ನೋಡಿದಳು. ಅವನೂ ಒಂದು ಬೆರಳು ಸರಿಸಿ ನೋಡಿದ. ಇವಳು ಮತ್ತೆ ಮುಖ ಮುಚ್ಚಿದಳು, ಅವನೂ ಮುಚ್ಚಿದ. ಆಮೇಲೆ ಬೇರೆ ಟೇಬಲ್‌ಗಳಿಗೆಲ್ಲ ಹೋಗಿ, ಸುತ್ತು ಹೊಡೆದು, ಮತ್ತೆ ನಮ್ಮ ಹತ್ತಿರ ಬಂದ. ಅಷ್ಟು ಹೊತ್ತಿಗೆ ಹುಡುಗಿ ಕುರ್ಚಿಯಿಂದ ಇಳಿದು ಅವನಿಗಾಗಿ ನಿಂತಿದ್ದಳು. ಮುಖವಾಡದ ಪಾತ್ರಗಳು ಮಾತಾಡುವುದಿಲ್ಲ, ಎಲ್ಲ ಕೈಸನ್ನೆಯಲ್ಲೇ. ಇಂಗ್ಲಿಷ್ ಬಾರದ, ಊರಿನಿಂದ ಬಂದ ಮಗುವಿಗೂ ಅಷ್ಟೇ ಚೆನ್ನಾಗಿ ಅರ್ಥವಾಗುತ್ತದೆ.

ಸಾಲಿನಲ್ಲಿ ನಿಂತಿದ್ದರೆ ಮಗು ಹೆದರಿದ ಕೂಡಲೇ ನಮ್ಮ ಸರದಿ ಮುಗಿದು ಹಿಂದಿನವರು ಮುಂದೆ ಬರುತ್ತಿದ್ದರು. ಟೇಬಲ್ಲಿಗೆ ಕೊಡುವ ದುಡ್ಡು ಮಗುವಿಗೆ ಎರಡನೆಯ ಅವಕಾಶ ಕೊಡಿಸುತ್ತದೆ. ಸಣ್ಣ ಮಕ್ಕಳಿರುವ ಮನೆಗೆ ಅದು ಬೆಲೆಯುಳ್ಳದ್ದು ಎಂದು ನಾನು ಒಪ್ಪುತ್ತೇನೆ, ಕೊಡಲೂ ಸಿದ್ಧ.

ಆದರೆ ಆ ಅವಕಾಶ ಬೇಕಾಗಿದ್ದದ್ದು ಒಬ್ಬಳಿಗೆ. ಆರು ತಟ್ಟೆಯಲ್ಲಿ ಉಳಿದವು ಏನು ಮಾಡಿದವು? ಹತ್ತು ವರ್ಷದ ಹುಡುಗ ಮಿಕ್ಕಿಯ ಮುಖದ ಆಕಾರದ ವಾಫಲ್‌ಗಳನ್ನು ತಿಂದು, ತಲೆಯೆತ್ತಿ ಮೋನೊರೈಲನ್ನೇ ನೋಡುತ್ತ ಕೂತ. ಆ ಹೋಟೆಲಿನ ವಿಶೇಷವೇ ಅದು, 1971ರಲ್ಲಿ ಕಟ್ಟಿದಾಗಿನಿಂದ ಮೋನೊರೈಲು ಕಟ್ಟಡದ ಹೊಟ್ಟೆಯೊಳಗಿಂದಲೇ ಹಾದು ಹೋಗುತ್ತದೆ. ಹೊರಗಿನ ಹಜಾರದಲ್ಲಿ ನಿಂತು ನೋಡಿದರೂ ಅದೇ ರೈಲು, ಹತ್ತಲೂ ದುಡ್ಡಿಲ್ಲ. ಅವನ ತಟ್ಟೆಗೆ ದೊಡ್ಡವರ ದರ 54. ನಾವು ಸಸ್ಯಾಹಾರಿಗಳು. ಬಫೆಯಲ್ಲಿ ಬೆಲೆಬಾಳುವುದೆಲ್ಲ ಮೊಟ್ಟೆ, ಬೇಕನ್, ಸಾಸೇಜ್. ನಮಗೆ ಹಣ್ಣು, ಆಲೂಗಡ್ಡೆ, ಬ್ರೆಡ್ಡು. ಕೇಳಿಕೊಂಡರೆ ಅಡುಗೆಯವರೇ ಬಂದು ಯಾವುದರಲ್ಲಿ ಏನಿದೆ ಎಂದು ವಿವರಿಸುತ್ತಾರೆ, ಆ ಶಿಸ್ತನ್ನು ಮೆಚ್ಚಬೇಕು. ಹಾಗೆಂದು ದರ ಕಡಿಮೆಯಾಗುವುದಿಲ್ಲ.

ಮಗುವಿನ ಜೊತೆ ಅಮ್ಮ ಮಾತ್ರ ಕೂತರೆ ಲೆಕ್ಕ ಹೀಗಾಗುತ್ತದೆ. 54 ಮತ್ತು 34 ಸೇರಿ 88, ತೆರಿಗೆ, ಟಿಪ್ ಹಾಕಿದರೆ 110 ಡಾಲರ್. ಉಳಿದ ನಾಲ್ವರ ತಿಂಡಿ ಹೊರಗೆ 48. ಒಟ್ಟು 158. ಆರೂ ಜನ ಕೂತಾಗ 378. ವ್ಯತ್ಯಾಸ 220 ಡಾಲರ್, ಅಂದರೆ 18,700 ರೂಪಾಯಿ. ಮಗುವಿಗೆ ಸಿಗುವುದರಲ್ಲಿ ಒಂದು ಚೂರೂ ಕಡಿಮೆಯಾಗುವುದಿಲ್ಲ. ಅಜ್ಜಿ-ತಾತ ಜೊತೆಗಿದ್ದು, ಮೊಮ್ಮಗುವಿನ ಜೊತೆ ಕೂರುವ ಆಸೆ ಅವರದ್ದಾದರೆ ಅಮ್ಮನ ಬದಲು ಅವರಲ್ಲೊಬ್ಬರು ಕೂರಲಿ.

ಈ ಲೆಕ್ಕವನ್ನು ಆವತ್ತೇ ರಾತ್ರಿ ಹೋಟೆಲಿನ ಕಾಗದದ ಮೇಲೆ ಬರೆದು ತಂಗಿಗೆ ತೋರಿಸಿದೆ. ಕೋಟೆಯೊಳಗಿನ ರಾತ್ರಿಯೂಟದಲ್ಲಿ ದೊಡ್ಡವರ ದರ 80 ಡಾಲರ್ ದಾಟುತ್ತದೆ, ಒಳಗೆ ಹೋಗಲು ಪಾರ್ಕ್ ಟಿಕೆಟ್ಟೂ ಬೇಕು, ಊಟದ ಹೊತ್ತು ಪಾರ್ಕಿನ ಹೊತ್ತಿನಿಂದಲೇ ಕಳೆಯುತ್ತದೆ. ಅವಳು ಎರಡು ಸಲ ಓದಿ, ಏನೂ ಹೇಳದೆ ಫೋನ್ ತೆಗೆದು ರದ್ದು ಮಾಡಿದಳು. ಗಡುವಿನೊಳಗೆ ರದ್ದು ಮಾಡಿದರೆ ಏನೂ ಕಳೆದುಕೊಳ್ಳುವುದಿಲ್ಲ, ಹೇಳದೆ ತಪ್ಪಿಸಿಕೊಂಡರೆ ತಲೆಗೆ 10 ಡಾಲರ್ ಹಿಡಿಯುತ್ತಾರೆ. ಮರುದಿನ ಪ್ರಿನ್ಸೆಸ್ ಫೇರಿಟೇಲ್ ಹಾಲ್‌ನಲ್ಲಿ ತಾಯಿ-ಮಗಳು ಸಾಲಿನಲ್ಲಿ ನಿಂತು ಸಿಂಡರೆಲಾಳನ್ನು ಮಾತಾಡಿಸಿ ಬಂದರು. ಉಳಿದ ನಾಲ್ವರು ಆ ಹೊತ್ತಿನಲ್ಲಿ ಬೇರೆ ರೈಡಿಗೆ ಹೋದೆವು. ಸಾಲಿನಲ್ಲೂ ಎಲ್ಲರೂ ನಿಲ್ಲಬೇಕಾಗಿಲ್ಲ, ಆಗ ಆ ಎರಡು ಗಂಟೆಯ ಬೆಲೆಯೂ 150ರಿಂದ 50ಕ್ಕೆ ಇಳಿಯುತ್ತದೆ.

ಇನ್ನು ಡಿಸ್ನಿಯ ಡೈನಿಂಗ್ ಪ್ಲಾನ್, ಅಂದರೆ ಊಟದ ದುಡ್ಡನ್ನು ಮುಂಗಡವೇ ಕೊಟ್ಟು, ಊಟಕ್ಕಿಷ್ಟು ಕ್ರೆಡಿಟ್ ಎಂಬ ಲೆಕ್ಕದಲ್ಲಿ ತಿನ್ನುವ ಏರ್ಪಾಡು. ಇದರ ಬಗ್ಗೆ ನನಗೆ ತಾಳ್ಮೆಯಿಲ್ಲ. ಕೋವಿಡ್ ಕಾಲದಲ್ಲಿ ನಿಂತಿದ್ದು 2024ರ ಜನವರಿಯಲ್ಲಿ ಮತ್ತೆ ಬಂತು. ನಮ್ಮ ಪರಿಚಯದವರೊಬ್ಬರಿಗೆ ಬೆಂಗಳೂರಿನ ಏಜೆಂಟರೊಬ್ಬರು ಪ್ಯಾಕೇಜಿನಲ್ಲಿ “ಕ್ಯಾರೆಕ್ಟರ್ ಮೀಲ್ ಫ್ರೀ” ಎಂದು ಇದನ್ನು ಕಟ್ಟಿದ್ದರು. ಫ್ರೀ ಎಲ್ಲಿಂದ ಬಂತು? ಡಿಸ್ನಿಯ ಹೋಟೆಲಿನಲ್ಲೇ ಉಳಿದುಕೊಳ್ಳಬೇಕು. ರೂಮಿನಲ್ಲಿರುವ ಮೂರು ವರ್ಷ ತುಂಬಿದ ಎಲ್ಲರನ್ನೂ, ಉಳಿಯುವ ಎಲ್ಲ ರಾತ್ರಿಗೂ ಪ್ಲಾನಿಗೆ ಸೇರಿಸಬೇಕು. ಒಬ್ಬರಿಗೆ ಬೇಕು, ಒಬ್ಬರಿಗೆ ಬೇಡ ಎನ್ನುವ ಹಾಗಿಲ್ಲ. ದೊಡ್ಡವರಿಗೆ ಒಂದು ರಾತ್ರಿಗೆ ನೂರು ಡಾಲರಿನ ಆಸುಪಾಸು. ಕೋಟೆಯೊಳಗಿನ ಊಟಕ್ಕೆ ಒಂದರ ಬದಲು ಎರಡು ಕ್ರೆಡಿಟ್ ಕಳೆಯುತ್ತದೆ. ಟಿಪ್ ಸೇರಿಲ್ಲ. ಹೋಟೆಲ್ ಬಿಡುವ ದಿನದ ಮಧ್ಯರಾತ್ರಿಗೆ ಉಳಿದ ಕ್ರೆಡಿಟ್‌ಗಳೆಲ್ಲ ಸತ್ತಂತೆ, ವಾಪಸು ಒಂದು ಪೈಸೆಯಿಲ್ಲ. ಮುಂಗಡ ದುಡ್ಡು ಕೊಟ್ಟವರು ಹಸಿವಿಲ್ಲದಿದ್ದರೂ ಕ್ರೆಡಿಟ್ ಮುಗಿಸಲೆಂದೇ ತಿನ್ನುತ್ತಾರೆ. ಸಂಜೆ ನಾಲ್ಕಕ್ಕೆ ಊಟ, ಏಳಕ್ಕೆ ಇನ್ನೊಂದು. ಸಸ್ಯಾಹಾರಿ ಮನೆಯವರು ಇದನ್ನು ಕೊಳ್ಳಲೇಬಾರದು. ಏಜೆಂಟರು ಕೊಟ್ಟ ಪಟ್ಟಿಯಲ್ಲಿ ಈ ಹೆಸರಿದ್ದರೆ ತೆಗೆಸಿ, ತೆಗೆದ ಮೇಲೆ ಪ್ಯಾಕೇಜ್ ಎಷ್ಟು ಇಳಿಯಿತು ಎಂದು ಕೇಳಿ.

ಊಟವೇ ಮುಖ್ಯವೆನ್ನುವ ನಮ್ಮವರಿಗೆ ಅನಿಮಲ್ ಕಿಂಗ್‌ಡಮ್ ಲಾಡ್ಜಿನ ಸನಾ ಇದೆ. ನಾನ್, ಚಟ್ನಿ ಸಿಗುತ್ತದೆ, ವೇಷದವರಿಲ್ಲ, ಕಿಟಕಿಯಾಚೆ ಜಿರಾಫೆ, ಜೀಬ್ರಾ ಅಡ್ಡಾಡುತ್ತವೆ. ಪಾರ್ಕಿನೊಳಗೆ ಮನೆಯಿಂದ ತಂದ ತಿನಿಸು ಒಯ್ಯಲು ಅಡ್ಡಿಯಿಲ್ಲ, ಗಾಜಿನ ಡಬ್ಬ ಬೇಡ ಅಷ್ಟೆ. ತಂಗಿ ತಂದಿದ್ದ ಅವಲಕ್ಕಿ ಮಧ್ಯಾಹ್ನದ ಹಸಿವಿಗೆ ಸಾಕಾಗುತ್ತಿತ್ತು. ಹಾಂಗ್‌ಕಾಂಗ್, ಟೋಕಿಯೊ ಡಿಸ್ನಿಗಳಲ್ಲೂ ಇಂಥ ಬಫೆಗಳಿವೆ. ದರ, ವಯಸ್ಸಿನ ಮಿತಿ ಬೇರೆ, ಲೆಕ್ಕದ ದಾರಿ ಇದೇ.

ಈ ಖರ್ಚನ್ನು ಹಿಗ್ಗಿಸುವುದು ನಮ್ಮ ದಾಕ್ಷಿಣ್ಯ ಎಂದು ನನಗೆ ದಿನೇ ದಿನೇ ಗಟ್ಟಿಯಾಗುತ್ತಿದೆ. ಬಿಲ್ಲಿನ ಫೋಲ್ಡರ್ ಬಂದಾಗ ಷಡ್ಡಕರಿಬ್ಬರೂ ಒಟ್ಟಿಗೆ ಕೈ ಹಾಕಿದರು. “ನಾನು ಕೊಡ್ತೀನಿ”, “ಇಲ್ಲಿ ನೀವು ಅತಿಥಿಗಳು, ಬಿಡಿ” ಎಂಬ ಎಳೆದಾಟದಲ್ಲಿ ಒಳಗೆ ಬರೆದ ಮೊತ್ತವನ್ನು ಇಬ್ಬರೂ ಓದಲಿಲ್ಲ. ಕೊಟ್ಟವರು ಅಂಕಿ ನೋಡಲಿಲ್ಲ, ಉಂಡವರು ಕೇಳಲಿಲ್ಲ. ನಂಟರ ಜೊತೆ ಹೋಗುವ ಪ್ರವಾಸದಲ್ಲಿ ಎಲ್ಲ ಖರ್ಚೂ ಹೀಗೇ ಆಗುತ್ತದೆ. “ಇಷ್ಟು ದೂರ ಬಂದಿದ್ದೀವಿ, ಒಂದು ಸಲ ತಾನೇ” ಎಂಬ ಮಾತು ಟಿಕೆಟ್ಟಿಗೂ ಬರುತ್ತದೆ, ತಿಂಡಿಗೂ ಬರುತ್ತದೆ, ಮಿಕ್ಕಿಯ ಕಿವಿಯಿರುವ ಟೋಪಿಗೂ ಬರುತ್ತದೆ. ಇಂಥವಕ್ಕೆಲ್ಲ ಸೇರಿ ಇಷ್ಟು ಎಂದು ಹೊರಡುವ ಮುಂಚೆಯೇ ಒಂದು ಮೊತ್ತ ಬರೆದು ಎರಡೂ ಮನೆಯವರು ನೋಡಬೇಕು. ಬಿಲ್ಲನ್ನು ಗಟ್ಟಿಯಾಗಿ ಓದಿ ಕೊಡುವುದರಲ್ಲಿ ಯಾರಿಗೂ ಅವಮಾನವಿಲ್ಲ. ಮನೆಯ ಹೆಣ್ಣುಮಕ್ಕಳು ತರಕಾರಿಯವನ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡುವುದನ್ನು ಜಾಣತನ ಎನ್ನುವ ನಾವು, ನಂಟರ ಎದುರು ಹದಿನೆಂಟು ಸಾವಿರದ ಮಾತೆತ್ತುವುದನ್ನು ಜಿಪುಣತನ ಎನ್ನಬಾರದು. “ನಾವು ಹೊರಗಿರ್ತೀವಿ, ನೀವಿಬ್ಬರು ಹೋಗಿ ಬನ್ನಿ” ಎಂದು ಅಜ್ಜಿ-ತಾತ, ಅಕ್ಕ-ಭಾವ ಹೇಳಿದರೆ ಅದನ್ನು ಪ್ರೀತಿಯ ಮಾತೆಂದೇ ತೆಗೆದುಕೊಳ್ಳಿ.

ನನ್ನ ತೀರ್ಮಾನ ಇಷ್ಟು. ಮನೆಯಲ್ಲಿ ಮೂರರಿಂದ ಒಂಬತ್ತರೊಳಗಿನ ಮಗುವಿದ್ದು, ಅದಕ್ಕೆ ಆ ಪಾತ್ರಗಳು ನಿಜವಾಗಿ ಇಷ್ಟವಾಗಿದ್ದರೆ ಒಂದು ಕ್ಯಾರೆಕ್ಟರ್ ಮೀಲ್ ಮಾಡಿ: ಬೆಳಗಿನ ತಿಂಡಿ, ಹೋಟೆಲಿನಲ್ಲಿ, ಪಾರ್ಕಿಗೆ ಹೋಗದ ದಿನ. ದಪ್ಪ ಪೆನ್ನು ಒಯ್ಯಿರಿ, ಆ ಕೈಗವಸಿನಲ್ಲಿ ಸಣ್ಣ ಪೆನ್ನು ನಿಲ್ಲುವುದಿಲ್ಲ. ಮಗುವಿಗೆ ಈ ವರ್ಷ ಹತ್ತು ತುಂಬುವುದಾದರೆ ಹುಟ್ಟುಹಬ್ಬದ ತಾರೀಖು ನೋಡಿ ಪ್ರವಾಸ ಇಟ್ಟುಕೊಳ್ಳಿ. ಅರವತ್ತು ದಿನ ಮುಂಚೆ ಬುಕಿಂಗ್ ತೆರೆದು ಎಷ್ಟು ಜನ ಎಂದು ಕೇಳಿದಾಗ, ಎರಡು ಎಂದು ಹಾಕಿ.